ನಿಷ್ಠೆಗೆ ಎಷ್ಟು ಹೆಸರು?

ಇಂಗ್ಲಿಷ್ ಪಾಠದಲ್ಲಿ 'ಲಾಯಲ್' ಎಂಬ ಪದ ಬಂದರೆ ನೀವು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ 'ನಿಷ್ಠೆಯುಳ್ಳ' ಎಂದು ಬರೆದುಕೊಳ್ಳುತ್ತೀರಿ. ನಾಲ್ಕು ಪುಟ ದಾಟಿದರೆ 'ಫೇಯ್ತ್‌ಫುಲ್' ಬರುತ್ತದೆ; ಅದಕ್ಕೂ ಅದೇ ಅರ್ಥ. 'ಸ್ಟಾಂಚ್' ಬಂದರೂ ಅದೇ, 'ಸ್ಟೆಡ್‌ಫಾಸ್ಟ್' ಬಂದರೂ ಅದೇ. 'ಫರ್ಮ್', 'ರೆಸಲ್ಯೂಟ್', 'ಅಬ್‌ಸ್ಟಿನೇಟ್' ಎಂಬುವು ಬಂದರೆ 'ದೃಢವಾದ' ಎಂದು ಬರೆದು ಮುಂದಕ್ಕೆ ಹೋಗುತ್ತೀರಿ. ಪರೀಕ್ಷೆಯಲ್ಲಿ ಪಾಸಾಗಲು ಇಷ್ಟು ಸಾಕಾದೀತು. ಆದರೆ ಈ ಪದಗಳಲ್ಲಿ ಕೆಲವು ಒಬ್ಬ ಮನುಷ್ಯನನ್ನು ಮೆಚ್ಚುತ್ತವೆ, ಕೆಲವು ಅದೇ ಮನುಷ್ಯನನ್ನು ಜರಿಯುತ್ತವೆ. ಆದ್ದರಿಂದ ಇವುಗಳನ್ನು ಒಂದೇ ಚೀಲಕ್ಕೆ ತುಂಬುವ ಮೊದಲು ಸ್ವಲ್ಪ ಬಿಡಿಸಿ ನೋಡೋಣ.

ಚಿತ್ರದುರ್ಗದಿಂದ ದಾವಣಗೆರೆಗೆ ಹೋಗುವ ಹೆದ್ದಾರಿಯಲ್ಲಿ ಭರಮಸಾಗರ ಸಿಗುತ್ತದೆ. 1689ರಿಂದ 1721ರವರೆಗೆ ದುರ್ಗವನ್ನಾಳಿದ ಭರಮಣ್ಣ ನಾಯಕನ ಹೆಸರನ್ನು ಹೊತ್ತ ಊರು. ಹೆಸರಿನಲ್ಲಿರುವ ಸಾಗರ ಅಲ್ಲಿಯ ದೊಡ್ಡ ಕೆರೆ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಕೆರೆಯ ಏರಿ ಒಸರುತ್ತದೆಯೋ ಇಲ್ಲವೋ ಎಂಬುದು ಸಣ್ಣ ಮಾತಲ್ಲ. 'ಸ್ಟಾಂಚ್' ಎಂಬ ಪದದ ಮೂಲ ಅರ್ಥ ಇಲ್ಲೇ ಇದೆ. ಹಳೆಯ ಫ್ರೆಂಚ್‌ನಿಂದ ಇಂಗ್ಲಿಷಿಗೆ ಬಂದ ಈ ಮಾತನ್ನು ಮೊದಲು ಹೇಳುತ್ತಿದ್ದದ್ದು ನೀರು ಒಳಗೆ ಇಳಿಯದ ಹಡಗಿಗೆ. ಗಾಯದಿಂದ ಹರಿಯುವ ರಕ್ತವನ್ನು ಒತ್ತಿ ನಿಲ್ಲಿಸುವುದಕ್ಕೂ ಇದೇ ಕ್ರಿಯಾಪದ. ಆಮೇಲೆ ಅದು ಮನುಷ್ಯರಿಗೆ ಅನ್ವಯವಾಯಿತು. ಎಷ್ಟೇ ಒತ್ತಡ ಬಂದರೂ ಎಲ್ಲೂ ಬಿರುಕು ಬಿಡದೆ ಒಂದು ಪಕ್ಷವನ್ನೋ ತತ್ತ್ವವನ್ನೋ ಬೆಂಬಲಿಸುವವನು ಸ್ಟಾಂಚ್. ಒಸರದ ಏರಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಪದ ಮರೆಯುವುದಿಲ್ಲ.

'ಸ್ಟೆಡ್‌ಫಾಸ್ಟ್' ಇದಕ್ಕಿಂತ ಹಳೆಯದು, ಅಚ್ಚ ಇಂಗ್ಲಿಷ್ ಪದ. 'ಸ್ಟೆಡ್' ಎಂದರೆ ಸ್ಥಳ, 'ಫಾಸ್ಟ್' ಎಂದರೆ ಬಿಗಿಯಾದ, ಕದಲದ. ಇಲ್ಲಿನ ಫಾಸ್ಟ್‌ಗೂ ಬಸ್ಸಿನ ವೇಗಕ್ಕೂ ಸಂಬಂಧ ಬಂದದ್ದು ಆಮೇಲೆ. ಬಟ್ಟೆ ಅಂಗಡಿಯವನು 'ಫಾಸ್ಟ್ ಕಲರ್, ಹೋಗುವುದಿಲ್ಲ' ಎನ್ನುವಾಗ ಹಳೆಯ ಅರ್ಥ ಇನ್ನೂ ಜೀವಂತವಾಗಿದೆ. ಏಕಾದಶಿಯ ಉಪವಾಸಕ್ಕೆ ಫಾಸ್ಟ್ ಎನ್ನುವುದೂ ಇದೇ ಬೇರಿನಿಂದ, ವ್ರತವನ್ನು ಬಿಗಿಯಾಗಿ ಹಿಡಿಯುವುದು ಎಂದು. ಇನ್ನೊಂದು ಸ್ವಾರಸ್ಯ ನೋಡಿ. ನಾವು 'ನಿಷ್ಠೆ' ಎನ್ನುವ ಸಂಸ್ಕೃತ ಪದದ ಒಳಗಿರುವುದು ನಿಲ್ಲು ಎಂಬರ್ಥದ 'ಸ್ಥಾ' ಧಾತು. ಸ್ಥಿರ ಎಂಬುದು ಅದರಿಂದಲೇ ಹುಟ್ಟಿದ್ದು. ಇಂಗ್ಲಿಷಿನ 'ಸ್ಟೆಡ್', ಲ್ಯಾಟಿನ್ನಿನಿಂದ ಬಂದ 'ಕಾನ್‌ಸ್ಟಂಟ್' ಕೂಡ ಅದೇ ಪ್ರಾಚೀನ ಮೂಲದ ಕುಡಿಗಳೆಂದು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ. ಅಂದಮೇಲೆ ನಿಷ್ಠೆಗೆ ತೀರ ಹತ್ತಿರದ ನೆಂಟ ಲಾಯಲ್ ಅಲ್ಲ, ಸ್ಟೆಡ್‌ಫಾಸ್ಟ್.

ದುರ್ಗದ ಒನಕೆ ಓಬವ್ವನ ಕಥೆಯನ್ನು ಈ ಬೆಳಕಿನಲ್ಲಿ ಯೋಚಿಸಿ. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳಿದಾಗ ಗಂಡ ಊಟಕ್ಕೆ ಕುಳಿತಿದ್ದ, ಅವಳು ಒನಕೆ ಹಿಡಿದು ನಿಂತಳು ಎಂದು ಜನ ಹೇಳುತ್ತಾರೆ. ಕೋಟೆಯ ಕಾವಲುಗಾರ ಅವಳ ಗಂಡ. ನಾಯಕನ ಸಂಬಳ, ಆಜ್ಞೆ, ಕಟ್ಟುಪಾಡು ಎಲ್ಲ ಅವನಿಗೆ. ಓಬವ್ವನಿಗೆ ಯಾರೂ ಹುದ್ದೆ ಕೊಟ್ಟಿರಲಿಲ್ಲ, ಅವಳು ಯಾರ ಮುಂದೆಯೂ ಪ್ರಮಾಣ ಮಾಡಿರಲಿಲ್ಲ. ಆದ್ದರಿಂದ ಅವಳನ್ನು ಲಾಯಲ್ ಎಂದರೆ ಪದ ಸಾಲುವುದಿಲ್ಲ ಎಂದು ನನಗನ್ನಿಸುತ್ತದೆ. ನಿಂತ ಜಾಗ ಬಿಡದವಳು ಸ್ಟೆಡ್‌ಫಾಸ್ಟ್. ಕೊನೆಗೆ 1779ರಲ್ಲಿ ಕೋಟೆ ಹೈದರನ ವಶವಾಯಿತು. ಅದರಿಂದ ಈ ಪದಕ್ಕೆ ಕುಂದಿಲ್ಲ.

ಹಾಗಾದರೆ ಲಾಯಲ್ ಎಂದರೇನು? ಅದೂ 'ಲೀಗಲ್' ಎಂಬುದೂ ಒಂದೇ ತಾಯಿಯ ಮಕ್ಕಳು. ಎರಡೂ ಕಾನೂನು ಎಂಬರ್ಥದ ಲ್ಯಾಟಿನ್ ಮೂಲದಿಂದ ಬಂದವು; ಒಂದು ಫ್ರೆಂಚರ ಬಾಯಲ್ಲಿ ಸವೆದು ಲಾಯಲ್ ಆಯಿತು. ಆದ್ದರಿಂದ ಲಾಯಲ್ ಎಂಬ ಮಾತಿನಲ್ಲಿ ರಾಜ, ದೇಶ, ಪಕ್ಷ, ಹೀಗೆ ನಮ್ಮಿಂದ ನಿಷ್ಠೆಯನ್ನು ಕೇಳುವ ಹಕ್ಕು ತನಗಿದೆ ಎನ್ನುವ ಯಾವುದೋ ಒಂದು ಅಧಿಕಾರ ಹಿಂದೆ ನಿಂತಿರುತ್ತದೆ. ಆ ಹಕ್ಕನ್ನು ಒಪ್ಪುವವರಿಗಷ್ಟೇ ಅದು ಹೊಗಳಿಕೆ. 1857ರಲ್ಲಿ ಕಂಪನಿಯ ಕಡೆ ಉಳಿದ ಸಿಪಾಯಿಗಳನ್ನು ಬ್ರಿಟಿಷರು ಲಾಯಲ್ ಎಂದು ಕೊಂಡಾಡಿದರು; ಎದುರು ನಿಂತು ಹೋರಾಡಿದವರು ಹಾಗೆ ಕರೆಯುತ್ತಿದ್ದರೆ? ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ 'ಲಾಯಲಿಸ್ಟ್' ಎಂದರೆ ದೊರೆ ಮೂರನೆಯ ಜಾರ್ಜ್‌ನ ಪಕ್ಷದವನು. ಗೆದ್ದವರ ದೃಷ್ಟಿಯಲ್ಲಿ ಅವನು ದ್ರೋಹಿ. ಈ ಪದ ಓದಿದಾಗಲೆಲ್ಲ 'ಯಾರಿಗೆ?' ಎಂದು ಒಮ್ಮೆ ಕೇಳಿಕೊಳ್ಳಿ.

'ಫೇಯ್ತ್‌ಫುಲ್' ಬೇರೆ ಮನೆತನದ್ದು. ಇದರ ಬೇರು ನಂಬಿಕೆ, ಲ್ಯಾಟಿನ್ನಿನ 'ಫಿಡೆಸ್'. ನೀವು ಶಾಲೆಯಿಂದ ಪಡೆಯುವ 'ಬೋನಫೈಡ್ ಸರ್ಟಿಫಿಕೇಟ್', ನೋಟರಿಯ ಮುಂದೆ ಮಾಡಿಸುವ 'ಅಫಿಡವಿಟ್' ಎರಡರಲ್ಲೂ ಇದೇ ಫಿಡೆಸ್ ಅಡಗಿದೆ. ನಂಬಿಕೆಗೆ ಅಧಿಕಾರ ಬೇಕಿಲ್ಲ. ಗೆಳೆಯ ಗೆಳೆಯನಿಗೆ ಫೇಯ್ತ್‌ಫುಲ್ ಆಗಿರಬಹುದು, ನಾಯಿ ಯಜಮಾನನಿಗೆ. ಮೂಲಕ್ಕೆ ಚ್ಯುತಿ ತಾರದ ಅನುವಾದವೂ ಫೇಯ್ತ್‌ಫುಲ್. ಅನುವಾದವನ್ನು ಲಾಯಲ್ ಎಂದು ಬರೆದರೆ ಮೇಷ್ಟ್ರು ಕೆಂಪು ಶಾಯಿ ಹಾಕಿಯಾರು. ಇಂಗ್ಲಿಷ್ ಅರ್ಜಿಯ ಕೊನೆಗೆ 'ಯುವರ್ಸ್ ಫೇಯ್ತ್‌ಫುಲಿ' ಎನ್ನುತ್ತೇವೆ. ಕನ್ನಡದಲ್ಲಿ 'ಇಂತಿ ತಮ್ಮ ವಿಧೇಯ' ಎನ್ನುತ್ತೇವೆ. ವಿಧೇಯ ಎಂದರೆ ಹೇಳಿದಂತೆ ಕೇಳುವವನು. ಅಲ್ಲಿ ನಂಬಿಕೆ, ಇಲ್ಲಿ ತಗ್ಗಿದ ತಲೆ! ಅಭ್ಯಾಸಬಲ, ಇರಲಿ.

ಇಂಗ್ಲಿಷಿನಲ್ಲಿ ಮಾತ್ರ ಇಷ್ಟು ಸೂಕ್ಷ್ಮಗಳಿವೆ ಎಂದು ತಿಳಿಯಬೇಡಿ. ಹಳಗನ್ನಡದಲ್ಲಿ 'ಜೋಳವಾಳಿ' ಎಂಬ ಮಾತಿದೆ. ಉಂಡ ಜೋಳದ ಋಣ ತೀರಿಸುವುದು ಎಂದರ್ಥ. ಉಪ್ಪಿನ ಋಣ ಎಂದು ಬೇರೆಯವರು ಹೇಳಿದ್ದನ್ನು ರೊಟ್ಟಿ ತಿನ್ನುವ ನಾಡು ಜೋಳದಲ್ಲಿ ಹೇಳಿತು. 'ವೇಳೆವಾಳಿ' ಇನ್ನೂ ಕಠಿಣ. ಒಡೆಯನಿಗೆ ಆಪತ್ತಿನ ವೇಳೆ ಬಂದಾಗ ಪ್ರಾಣವನ್ನೇ ಕೊಡುವ ಕಟ್ಟು. ಹೊಯ್ಸಳರ ಕಾಲದಲ್ಲಿ ಇಂಥ ಅಂಗರಕ್ಷಕರನ್ನು ಗರುಡರೆಂದು ಕರೆಯುತ್ತಿದ್ದರು. 1220ರಲ್ಲಿ ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ಅವನೊಡನೆ ಪ್ರಾಣ ಬಿಟ್ಟ ಕುವರಲಕ್ಷ್ಮನ ಗರುಡಗಂಬ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಇಂದಿಗೂ ನಿಂತಿದೆ. ಅವನ ಹೆಂಡತಿಯೂ ಸೇವಕರೂ ಜೊತೆಯಲ್ಲೇ ಸತ್ತರು. ಪ್ರವಾಸಕ್ಕೆ ಹೋದಾಗ ಅದನ್ನು ನೋಡದೆ ಬರಬೇಡಿ. ಆ ಕಂಬದ ಮುಂದೆ ನನಗೆ ಹೆಮ್ಮೆಗಿಂತ ಸಂಕಟವೇ ಹೆಚ್ಚಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ.

ಈಗ ದೃಢತೆಯ ಪದಗಳು. 'ಫರ್ಮ್' ಎಂದರೆ ಗಟ್ಟಿ, ಅಲುಗದ್ದು. ವ್ಯಾಪಾರದ ಸಂಸ್ಥೆಗೆ ಫರ್ಮ್ ಎನ್ನುವುದು ಮಾತನ್ನು ಖಚಿತಗೊಳಿಸುವ ರುಜುವಿನಿಂದ ಬಂತು. 'ರೆಸಲ್ಯೂಟ್' ಯೋಚಿಸಿ ನಿಶ್ಚಯ ಮಾಡಿದವನು. 'ಅಬ್‌ಸ್ಟಿನೇಟ್', 'ಸ್ಟಬರ್ನ್' ಎಂಬವು ಕಾರಣ ಕೇಳಿಯೂ ಬದಲಾಗದವನಿಗೆ. ಸ್ಟಬರ್ನ್‌ಗೆ ಒಮ್ಮೊಮ್ಮೆ ಮೆಚ್ಚುಗೆಯ ಧ್ವನಿ ಬರುವುದುಂಟು, ಅಬ್‌ಸ್ಟಿನೇಟ್‌ಗೆ ಅಪರೂಪ. 1948ರಲ್ಲಿ ಬಿಬಿಸಿ ರೇಡಿಯೋದಲ್ಲಿ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ ಇದನ್ನು ವ್ಯಾಕರಣದ ಕ್ರಿಯಾಪದದಂತೆ ಮೂರು ಪುರುಷಗಳಲ್ಲಿ ನಡೆಸಿ ತಮಾಷೆ ಮಾಡಿದರು. ನಾನಾದರೆ ದೃಢ, ನೀನಾದರೆ ಹಠಮಾರಿ, ಅವನಾದರೆ ಮೊಂಡು ಮೂರ್ಖ ಎಂಬುದು ಅದರ ಸಾರ.

ನಗು ಬರುತ್ತದೆ. ಆದರೆ ನಿಮ್ಮ ಊರಿನಲ್ಲೇ ನೋಡಿ. ಹಳ್ಳಿಯಿಂದ ಭರಮಸಾಗರಕ್ಕೆ ನಡೆದು, ಅಲ್ಲಿಂದ ಬಸ್ಸು ಹಿಡಿದು ದುರ್ಗದ ಕಾಲೇಜಿಗೆ ಹೋಗಿಯೇ ತೀರುತ್ತೇನೆ ಎಂದು ಹುಡುಗ ಹೇಳಿದರೆ ಮನೆಯವರು 'ನಮ್ಮ ಹುಡುಗ ಛಲಗಾರ' ಎನ್ನುತ್ತಾರೆ. ಅದನ್ನೇ ಅವನ ತಂಗಿ ಹೇಳಿದರೆ 'ಬಲು ಹಠಮಾರಿ ಕಣಮ್ಮ ಇವಳು' ಎನ್ನುವುದುಂಟು. ಬಸ್ಸು ಒಂದೇ, ದಾರಿ ಒಂದೇ, ಬದಲಾದದ್ದು ಪದ. ಆ ಪದದ ಮೇಲೆ ಒಬ್ಬಳ ಓದು ನಿಲ್ಲುತ್ತದೆ ಅಥವಾ ಮುಂದುವರಿಯುತ್ತದೆ. ಮನೆಯಲ್ಲಿ ತಂಗಿಯೋ ಅಕ್ಕನೋ ಇದ್ದರೆ, ಮುಂದಿನ ಸಲ ಆ ಮಾತು ಬಿದ್ದಾಗ 'ಹಠವಲ್ಲ ಅಪ್ಪ, ಛಲ' ಎಂದು ನೀವೇ ತಿದ್ದಬಹುದು.

ಛಲ ಎಂಬುದು ನಮ್ಮಲ್ಲಿ ತೂಕದ ಪದ. 941ರಲ್ಲಿ ವಿಕ್ರಮಾರ್ಜುನ ವಿಜಯ ಬರೆದ ಪಂಪ, ನನ್ನಿಗೆ ಅಂದರೆ ಸತ್ಯನಿಷ್ಠೆಗೆ ಕರ್ಣನನ್ನು ಹೆಸರಿಸಿ, ಛಲಕ್ಕೆ ದುರ್ಯೋಧನನನ್ನು ಹೆಸರಿಸಿದ. ಪ್ರತಿನಾಯಕನಲ್ಲೂ ಮೆಚ್ಚತಕ್ಕ ಗುಣವನ್ನು ಕಂಡ ಕವಿ ಅವನು. ಆ ಛಲವನ್ನು ಇಂಗ್ಲಿಷಿಗೆ ತರುವಾಗ ರೆಸಲ್ಯೂಟ್ ಎನ್ನುವಿರೋ, ಅಬ್‌ಸ್ಟಿನೇಟ್ ಎನ್ನುವಿರೋ? ಭೀಮ ಹೇಳುವ ಮಾತಾದರೆ ಎರಡನೆಯದು, ಪಂಪ ಹೇಳುವ ಮಾತಾದರೆ ಮೊದಲನೆಯದು. ಸಂಧಿಗೆ ಬಂದ ಕೃಷ್ಣ ಯಾವುದನ್ನು ಆರಿಸುತ್ತಿದ್ದ ಎಂಬುದನ್ನು ನಿಮ್ಮ ತರಗತಿಯಲ್ಲಿ ಚರ್ಚಿಸಿ.