ಬೊರಿವಲಿಯ ಪಾರ್ಕಿಂಗಿನಲ್ಲಿ ಒಂದು ಹಾಯಿದೋಣಿ

(ನಮ್ಮ ಚಾನೆಲ್ಲಿನ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)



ನಾನು ಹಾವೇರಿ ಕಡೆಯವನು. ಹದಿನೈದು ವರ್ಷದಿಂದ ಮುಂಬೈಯಲ್ಲಿ ಸಾಫ್ಟ್‌ವೇರ್ ಕೆಲಸ. ಮನೆ ಬೊರಿವಲಿ, ಆಫೀಸು ಮಲಾಡ್. ನಮ್ಮೂರಲ್ಲಿ ನೀರು ಅಂದ್ರೆ ವರದಾ ಹೊಳೆ, ಊರ ಕೆರೆ, ಅಷ್ಟೇ. ಸಮುದ್ರ ನೋಡಿದ್ದೇ ಇಂಜಿನಿಯರಿಂಗ್ ಮುಗಿದ ಮೇಲೆ. ಅಂಥವನು ನಮ್ಮ ಸೊಸೈಟಿಯ ಪಾರ್ಕಿಂಗಲ್ಲಿ ಕೂತು 7 ಅಡಿ 9 ಇಂಚಿನ ಒಂದು ಹಾಯಿದೋಣಿ ಕಟ್ಟಿದೆ. ಎರಡು ವರ್ಷ ಮೂರು ತಿಂಗಳು ಹಿಡೀತು. ಗಟ್ಟಿಮುಟ್ಟಾದ ಮನುಷ್ಯ ರಜೆ ಹಾಕಿ ಕೂತರೆ ಒಂದೆರಡು ತಿಂಗಳ ಕೆಲಸ. ನನಗ್ಯಾಕೆ ಇಷ್ಟು ಹೊತ್ತು ಹಿಡೀತು, ಅದನ್ನೇ ಇವತ್ತು ಹೇಳ್ತೀನಿ.

2017ರಿಂದ ನನಗೆ ಸೊಂಟನೋವು. ನಮ್ಮ ಕೆಲಸದಲ್ಲಿ ಸೊಂಟನೋವು ಇಲ್ಲದವರು ಯಾರಿದಾರೆ ಹೇಳಿ? ಕುರ್ಚಿ ಬದಲಾಯಿಸಿದೆ, ಬೆಲ್ಟ್ ಹಾಕಿದೆ. 'ಡಿಸ್ಕ್ ಜಾರಿದೆ, ಮಲಗಿ ರೆಸ್ಟ್ ತಗೊಳ್ಳಿ' ಅಂದರು ಒಬ್ಬರು. ಮಲಗಿದಷ್ಟೂ ಜಾಸ್ತಿ ಆಯ್ತು. ಬೆಳಗಿನ ಜಾವ ಮೂರೂವರೆಗೆ ನೋವಿಗೆ ಎಚ್ಚರ ಆಗೋದು. ಎದ್ದು ಹಾಲ್‌ನಲ್ಲಿ ಅಡ್ಡಾಡಿದರೆ ಕಮ್ಮಿ. ಬೆಳಿಗ್ಗೆ ಒಂದು ಗಂಟೆ ಮೈ ಮರದ ಕೊರಡು.

ಎರಡು ವರ್ಷ ಆದ ಮೇಲೆ ಒಬ್ಬ ರುಮಟಾಲಜಿಸ್ಟ್ ಹತ್ತಿರ ಹೋದೆ. ಅವರು ಮೊದಲು ಕೇಳಿದ್ದೇ, 'ಓಡಾಡಿದರೆ ಕಮ್ಮಿ ಆಗುತ್ತೋ, ಮಲಗಿದರೆ ಕಮ್ಮಿ ಆಗುತ್ತೋ?' ಅಂತ. ಎಂಆರ್‌ಐ ಆಯ್ತು, ಎಚ್‌ಎಲ್‌ಎ-ಬಿ27 ರಕ್ತಪರೀಕ್ಷೆ ಆಯ್ತು. ಕಾಯಿಲೆಯ ಹೆಸರು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ನಮ್ಮ ರೋಗನಿರೋಧಕ ಶಕ್ತಿ ನಮ್ಮದೇ ಸೊಂಟದ ಕೀಲು, ಬೆನ್ನುಮೂಳೆಯ ಮೇಲೆ ತಿರುಗಿ ಬೀಳೋದು. ಹಾಗೇ ಬಿಟ್ಟರೆ ಮಣಿಮಣಿಯಾಗಿರೋ ಬೆನ್ನುಮೂಳೆ ನಿಧಾನವಾಗಿ ಅಂಟಿಕೊಂಡು ಒಂದೇ ಕೋಲಾಗಬಹುದು. ನಲವತ್ತರ ಒಳಗೇ, ಮೂರು ತಿಂಗಳಿಗಿಂತ ಹೆಚ್ಚು ಸೊಂಟನೋವು, ಬೆಳಿಗ್ಗೆ ಬಿಗಿತ, ಓಡಾಡಿದರೆ ಆರಾಮ. ಈ ಮೂರೂ ಇದ್ದರೆ ಒಮ್ಮೆ ರುಮಟಾಲಜಿಸ್ಟ್ ಕಾಣಿ. ನಾನು ಡಾಕ್ಟರ್ ಅಲ್ಲ, ಎರಡು ವರ್ಷ ಕಳ್ಕೊಂಡವನು. ಅದಕ್ಕೆ ಹೇಳ್ತಿದೀನಿ.

ಆ ಮೂರೂವರೆಯ ಎಚ್ಚರದಲ್ಲಿ ಮೊಬೈಲ್ ನೋಡ್ತಾ ಕೂರ್ತಿದ್ದೆ. ಹಾಗೆ ಒಂದು ರಾತ್ರಿ ಸುಹೈಲಿ ಅನ್ನೋ ದೋಣಿಯ ಕಥೆ ಸಿಕ್ಕಿತು. ರಾಬಿನ್ ನಾಕ್ಸ್-ಜಾನ್‌ಸ್ಟನ್ ಅನ್ನೋ ಇಂಗ್ಲಿಷ್ ನಾವಿಕ, ಎಲ್ಲೂ ನಿಲ್ಲದೆ ಒಬ್ಬನೇ ಭೂಮಿ ಸುತ್ತಿದ ಮೊದಲಿಗ. 1968ರ ಜೂನ್‌ನಲ್ಲಿ ಹೊರಟು 312 ದಿನದ ಮೇಲೆ, 1969ರ ಏಪ್ರಿಲ್‌ನಲ್ಲಿ ವಾಪಸ್ ಬಂದ. ಆ 32 ಅಡಿ ದೋಣಿ ಎಲ್ಲಿ ಕಟ್ಟಿದ್ದು ಗೊತ್ತಾ? ಇದೇ ಮುಂಬೈಯಲ್ಲಿ! ಸಾಗುವಾನಿಯಲ್ಲಿ, ನಮ್ಮ ದೇಶದ ಬಡಗಿಗಳು ಬಾಚಿ ಹಿಡಿದು ಕೆತ್ತಿ, ದಾರ ಎಳೆದು ತಿರುಗಿಸೋ ಬೈರಿಗೆಯಲ್ಲಿ ತೂತು ಹೊಡೆದು ಕಟ್ಟಿದ್ದು. ನಾನು ದಿನಾ ಲೋಕಲ್‌ನಲ್ಲಿ ಜೋತಾಡಿಕೊಂಡು ಹೋಗೋ ಊರು ಇದೇನಾ ಅನ್ನಿಸ್ತು.

ಡಾಕ್ಟರ್ ಹೇಗೂ 'ದೇಹ ಆಡಿಸ್ತಾ ಇರಿ' ಅಂದಿದ್ರು. 2021ರ ನವೆಂಬರ್‌ನಲ್ಲಿ ಒಂದು ಪುಟ್ಟ ದೋಣಿಯ ನಕ್ಷೆ ಆನ್‌ಲೈನ್‌ನಲ್ಲಿ ಕೊಂಡೆ. 7 ಅಡಿ 9 ಇಂಚೇ ಯಾಕೆ? ಪ್ಲೈವುಡ್ ಹಾಳೆ 8 ಅಡಿ ಬರುತ್ತೆ. ಅದನ್ನ ಬಾಗಿಸಿದಾಗ ಅಷ್ಟು ಉದ್ದದ ದೋಣಿ ಆಗುತ್ತೆ, ಹಾಳೆಗೆ ಹಾಳೆ ಜೋಡಿಸೋ ತಾಪತ್ರಯ ಇಲ್ಲ. ಮಕ್ಕಳು ಹಾಯಿ ಕಲಿಯೋ ಆಪ್ಟಿಮಿಸ್ಟ್ ದೋಣಿಯೂ ಸುಮಾರು ಇಷ್ಟೇ ಉದ್ದ.

ಇದನ್ನ ಕಟ್ಟೋ ವಿಧಾನ ಹೊಲಿದು ಅಂಟಿಸೋದು. ಮುತ್ತುಗದ ಎಲೆ ಜೋಡಿಸಿ ಕಡ್ಡಿ ಚುಚ್ಚಿ ಪತ್ರಾವಳಿ ಮಾಡ್ತಾರಲ್ಲ, ಅದೇ ಥರ. ಪ್ಲೈವುಡ್ ತುಂಡುಗಳ ಅಂಚಿಗೆ ಸಣ್ಣ ತೂತು ಹೊಡೆದು, ತಾಮ್ರದ ತಂತಿಯಲ್ಲಿ ಹೊಲಿದರೆ ದೋಣಿಯ ಆಕಾರ ತಾನಾಗೇ ಏಳುತ್ತೆ. ಆಮೇಲೆ ಸಂದಿಗೆ ಎಪಾಕ್ಸಿ ಅಂಟು ತುಂಬಿ, ಗ್ಲಾಸ್ ಬಟ್ಟೆಯ ಪಟ್ಟಿ ಕೂರಿಸಿ, ತಂತಿ ತೆಗೀಬೇಕು. ದೋಣಿ ಹೊಲಿಯೋದು ನಮ್ಮ ಪಶ್ಚಿಮ ಕರಾವಳಿಗೆ ಹೊಸದೇನಲ್ಲ. ತೆಂಗಿನ ನಾರಿನ ಹಗ್ಗದಲ್ಲಿ ಹಲಗೆ ಹೊಲಿದ ಹಡಗುಗಳು ಅರಬ್ಬೀ ಸಮುದ್ರ ದಾಟ್ತಿದ್ದವು. ಅಜಂತಾ ಚಿತ್ರದಲ್ಲಿರೋ ಹಡಗನ್ನ ನೋಡಿ ಹಾಗೇ ಹೊಲಿದು ಕಟ್ಟಿದ 'ಕೌಂಡಿನ್ಯ'ವನ್ನ ನೌಕಾಪಡೆ ಸೇರಿಸಿಕೊಂಡಿದ್ದು ನಮ್ಮ ಕಾರವಾರದಲ್ಲೇ, 2025ರ ಮೇನಲ್ಲಿ.

ಪ್ಲೈವುಡ್ ತರುವಾಗ ಐಎಸ್ 710 ಗುರುತು ನೋಡಿ ತಗೊಳ್ಳಿ, ಅದು ಮರೈನ್ ಗ್ರೇಡ್. ಗುರುತು ಇದ್ರೂ ನಂಬಿಕೆ ಬರಬೇಕಲ್ಲ? ಒಂದು ತುಂಡನ್ನ ಕುದಿಸಿ ನೋಡಬೇಕು, ಪದರ ಬಿಚ್ಚಿಕೊಳ್ಳಬಾರದು. ಸರಿಯಾದ ಪರೀಕ್ಷೆ 72 ಗಂಟೆಯದು. ನಾನು ಅಡುಗೆಮನೆಯಲ್ಲಿ ಮೂರು ಗಂಟೆ ಕುದಿಸುವಷ್ಟರಲ್ಲಿ ಹೆಂಡತಿ ಬಂದು, 'ಏನ್ರೀ ಇದು, ಇಡ್ಲಿ ಪಾತ್ರೇಲಿ ಬಾಗಿಲು ಬೇಯಿಸ್ತಿದೀರಾ?' ಅಂದಳು. ಅಲ್ಲಿಗೆ ಪರೀಕ್ಷೆ ಮುಗೀತು. ಪದರ ಬಿಟ್ಟಿರಲಿಲ್ಲ, ಪುಣ್ಯ.

ಈಗ ನಾನು ಮಾಡಿದ ತಪ್ಪಿಗೆ ಬರ್ತೀನಿ. ನಮ್ಮ ಬುದ್ಧಿ ಗೊತ್ತಲ್ಲ, ಮೊದಲ ದಿನವೇ ಎಕ್ಸೆಲ್ ಶೀಟ್. ಹದಿನಾಲ್ಕು ವಾರ, ಪ್ರತಿ ವಾರಕ್ಕೆ ಇಷ್ಟು ಕೆಲಸ. ಮಗಳಿಗೆ ಆಗ ಎಂಟು ವರ್ಷ. 'ನಿನ್ನ ಹುಟ್ಟಿದಹಬ್ಬಕ್ಕೆ ದೋಣೀಲಿ ಹೋಗೋಣ' ಅಂದುಬಿಟ್ಟೆ. ಮಾರ್ಚ್‌ನಲ್ಲಿ ಅವಳ ಹುಟ್ಟಿದಹಬ್ಬ. ಮಾರ್ಚ್ ಬಂತು, ದೋಣಿ ಇನ್ನೂ ಹೊಲಿಗೆಯಲ್ಲೇ ಇತ್ತು. 'ಮೇ ರಜೆಗೆ' ಅಂದೆ.

ಮೇನಲ್ಲಿ ಒಂದು ಭಾನುವಾರ ಬೇಗ ಬೇಗ ಮುಗಿಸೋಣ ಅಂತ ಒಂದು ಮಗ್‌ನಲ್ಲಿ ಅರ್ಧ ಕಿಲೋ ಎಪಾಕ್ಸಿ ಒಟ್ಟಿಗೆ ಕಲಸಿದೆ. ರೆಸಿನ್, ಹಾರ್ಡನರ್ ಸೇರಿದ ಕೂಡಲೇ ಒಳಗೆ ಶಾಖ ಹುಟ್ಟುತ್ತೆ. ಆಳ ಪಾತ್ರೆಯಲ್ಲಿ ಆ ಶಾಖ ಹೊರಗೆ ಹೋಗಲ್ಲ, ಮುಂಬೈಯ ಮೇ ಸೆಕೆ ಬೇರೆ. ದೋಣಿಯೊಳಗೆ ಬಗ್ಗಿ ಅಂಟು ಹಚ್ತಿದ್ದೆ, ಸೊಂಟ ಹಿಡ್ಕೊಂಡಿತು. ಮೇಲೆ ಏಳಕ್ಕೆ ಆಗ್ಲಿಲ್ಲ. ದೋಣಿಯ ಅಂಚಿಗೆ ಎದೆ ಆನಿಸಿಕೊಂಡು ನಿಂತೆ, ಕಣ್ಣೆದುರಿಗೇ ಮಗ್‌ನಿಂದ ಹೊಗೆ ಬರ್ತಿತ್ತು. ಅಷ್ಟೂ ಅಂಟು ಕಲ್ಲಾಯ್ತು. ಮೂರನೇ ಮಹಡಿಯ ಕಾಕಾ, ಹಡಗುಕಟ್ಟೆಯಲ್ಲಿ ಫಿಟ್ಟರ್ ಆಗಿ ರಿಟೈರ್ ಆದವರು, ಓಡಿ ಬಂದು ಹಿಡಿದು ಕೂರಿಸಿದರು. ಆವತ್ತು ಮಗಳು ಕಾಕಾನ ಹಿಂದೆ ನಿಂತು ನೋಡಿದಳು. ಆಮೇಲೆ ಅವಳು ದೋಣಿ ಬಗ್ಗೆ ಕೇಳೋದೇ ಬಿಟ್ಟಳು. ನೋವಿಗಿಂತ ಅದು ಜಾಸ್ತಿ ಚುಚ್ಚಿತು.

ಆರು ತಿಂಗಳು ಕೆಲಸ ನಿಂತಿತು. ಮಾತ್ರೆ ಸಾಲದೆ, ಹದಿನೈದು ದಿನಕ್ಕೊಂದು ಬಯಾಲಜಿಕ್ ಇಂಜೆಕ್ಷನ್ ಶುರು ಮಾಡೋಣ ಅಂದರು ಡಾಕ್ಟರ್. ಅದು ನಿರೋಧಕ ಶಕ್ತಿಯನ್ನ ತಗ್ಗಿಸುತ್ತೆ, ಹಾಗಾಗಿ ಮೊದಲು ಕ್ಷಯದ ಪರೀಕ್ಷೆ. ನಮ್ಮ ದೇಶದಲ್ಲಿ ಎಷ್ಟೋ ಜನರ ಮೈಯಲ್ಲಿ ಕ್ಷಯದ ಕ್ರಿಮಿ ಮಲಗಿರುತ್ತೆ, ನನ್ನಲ್ಲೂ ಇತ್ತು. ಅದಕ್ಕೆ ಮುಂಜಾಗ್ರತೆಯ ಗುಳಿಗೆ ತಗೊಂಡು, ಆಮೇಲೆ ಇಂಜೆಕ್ಷನ್. ಅಷ್ಟರಲ್ಲಿ ಕಣ್ಣು ಕೆಂಪಾಗಿ ಬೆಳಕು ನೋಡಕ್ಕೆ ಆಗ್ತಿರಲಿಲ್ಲ. ಯುವಿಯೈಟಿಸ್, ಇದೇ ಕಾಯಿಲೆಯ ಇನ್ನೊಂದು ಮುಖ. ಮೂರು ವಾರ ಕಣ್ಣಿಗೆ ಡ್ರಾಪ್ಸ್. ಆಫೀಸಿನಲ್ಲಿ ಮಾತ್ರ 'ವೈರಲ್ ಫೀವರ್' ಅಂತ ಸುಳ್ಳು ಹೇಳ್ತಿದ್ದೆ.

ಒಂದು ಸಂಜೆ ಕಾಕಾ ಧೂಳು ಹಿಡಿದ ದೋಣಿ ತಟ್ಟಿ ಕೇಳಿದರು, 'ಇದರಲ್ಲಿ ಒಂದ್ಸಲ ಶುರು ಮಾಡಿದರೆ ನಿಲ್ಲಿಸಲಾಗದ ಕೆಲಸ ಎಷ್ಟಿದೆ?' ಯೋಚಿಸಿದೆ. ಎಪಾಕ್ಸಿ ಕಲಸೋದು ಒಂದೇ! ಅಳತೆ ಗುರುತು, ಗರಗಸ, ಹೊಲಿಗೆ, ಉಜ್ಜೋದು, ಬಣ್ಣಕ್ಕೆ ಮೊದಲಿನ ತಯಾರಿ, ಎಲ್ಲವನ್ನೂ ಅರ್ಧಕ್ಕೆ ಇಟ್ಟು ಮನೆಗೆ ಹೋಗಬಹುದು. ನನ್ನ ಶೀಟ್‌ನಲ್ಲಿ ಎಲ್ಲಕ್ಕೂ ಒಂದೇ ಬಣ್ಣ, ಎಲ್ಲಕ್ಕೂ ತಾರೀಖು. ಆವತ್ತು ಶೀಟ್ ಅಳಿಸಿ, ನೋಟ್‌ಬುಕ್ಕಿನಲ್ಲಿ ಎರಡು ಪಟ್ಟಿ ಬರೆದೆ. 'ನಡುವೆ ಬಿಡಬಹುದಾದ ಕೆಲಸ', 'ನಡುವೆ ಬಿಡಲಾಗದ ಕೆಲಸ'.

ಮೊದಲನೆಯ ಪಟ್ಟಿಗೆ ತಾರೀಖಿಲ್ಲ. ಹತ್ತು ನಿಮಿಷ ಆದರೂ ಸರಿ, ಇನ್ನೂ ಶಕ್ತಿ ಇದೆ ಅನ್ನುವಾಗಲೇ ನಿಲ್ಲಿಸೋದು. ಎರಡನೆಯದಕ್ಕೆ ಮೂರು ಷರತ್ತು. ಬೆಳಿಗ್ಗೆಯ ಬಿಗಿತ ಬಿಟ್ಟಿರಬೇಕು, ಜೊತೆಗೆ ಇನ್ನೊಬ್ಬರು ಇರಬೇಕು, ಒಮ್ಮೆಗೆ ನೂರು ಗ್ರಾಂಗಿಂತ ಜಾಸ್ತಿ ಕಲಸಬಾರದು, ಅದೂ ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ. ಹಾಗೆ ಹರಡಿದರೆ ಶಾಖ ಹೋಗುತ್ತೆ, ಕೆಲಸಕ್ಕೆ ಹೊತ್ತು ಸಿಗುತ್ತೆ. ಕೈಗೆ ಗ್ಲೌಸ್, ಉಜ್ಜುವಾಗ ಒಳ್ಳೆ ಮಾಸ್ಕ್ ಕಡ್ಡಾಯ. ಮಳೆಗಾಲದ ತೇವಕ್ಕೆ ಗಟ್ಟಿಯಾದ ಎಪಾಕ್ಸಿ ಮೇಲೆ ಜಿಡ್ಡಿನ ಪದರ ಕೂರುತ್ತೆ. ಅದನ್ನ ನೀರಲ್ಲಿ ಉಜ್ಜಿ ತೊಳೆದೇ ಮುಂದಿನ ಕೋಟ್ ಹಾಕಬೇಕು.

ಆ ಪಟ್ಟಿಯನ್ನ ಮಗಳಿಗೆ ತೋರಿಸಿ ಹೇಳಿದೆ, 'ಪುಟ್ಟಾ, ಯಾವತ್ತು ಮುಗಿಯುತ್ತೆ ಅಂತ ಅಪ್ಪಂಗೆ ಗೊತ್ತಿಲ್ಲ. ಏನು ಬಾಕಿ ಇದೆ ಅಂತ ಗೊತ್ತು.' ಅವಳು ಸ್ವಲ್ಪ ಹೊತ್ತು ಓದಿ, 'ಹೊಲಿಗೆ ತಂತಿ ಕೀಳೋದು ನಾನು ಮಾಡ್ತೀನಿ' ಅಂತ ತನ್ನ ಹೆಸರು ಬರೆದಳು. ನೂರೈವತ್ತಕ್ಕೂ ಹೆಚ್ಚು ತಂತಿ ಕಿತ್ತಿದಾಳೆ.

ಮುಂದಿನ ವಾರ ಮ್ಯಾನೇಜರ್‌ಗೂ ನಿಜ ಹೇಳಿದೆ. ಯಾವ ಕೆಲಸ ನಾನು ಅರ್ಧಕ್ಕೆ ಇನ್ನೊಬ್ಬರಿಗೆ ದಾಟಿಸಬಹುದು, ಯಾವ ರಾತ್ರಿ ರಿಲೀಸ್‌ಗೆ ನನ್ನ ಜೊತೆ ಇನ್ನೊಬ್ಬರು ಬೇಕು ಅಂತ ಅದೇ ಎರಡು ಪಟ್ಟಿ ಮುಂದಿಟ್ಟೆ. ಎಲ್ಲಾ ಸರಿಹೋಯ್ತು ಅನ್ನಲ್ಲ. ಆ ವರ್ಷದ ಪ್ರಮೋಷನ್ ಹೋಯ್ತು. ಆದರೆ ಸುಳ್ಳು ಹೇಳೋ ಸುಸ್ತು ಇಳೀತು.

ಸಹಾಯ ಕೇಳೋದು ನಮ್ಮಲ್ಲಿ ಅನೇಕರಿಗೆ ಕಷ್ಟ. ಅಭಿಲಾಷ್ ಟೋಮಿ ಅವರನ್ನ ನೆನಪಿಸಿಕೊಳ್ಳಿ. ಮುಂಬೈಯಿಂದಲೇ ಹೊರಟು, ಎಲ್ಲೂ ನಿಲ್ಲದೆ ಒಬ್ಬರೇ ಜಗತ್ತು ಸುತ್ತಿ 2013ರಲ್ಲಿ ಮುಂಬೈಗೇ ಮರಳಿದ ನೌಕಾಪಡೆ ಅಧಿಕಾರಿ. 2018ರಲ್ಲಿ ಗೋಲ್ಡನ್ ಗ್ಲೋಬ್ ರೇಸ್‌ಗೆ ಹೋದರು. ಅವರ ತುರಿಯಾ ದೋಣಿ ನಾನು ಹೇಳಿದ ಸುಹೈಲಿಯ ನಮೂನೆಯಲ್ಲೇ ಗೋವಾದಲ್ಲಿ ಕಟ್ಟಿದ್ದು. ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಕೂವೆಮರ ಮುರಿದು, ಬೆನ್ನುಮೂಳೆಗೆ ಏಟಾಗಿ, ಅಲುಗಾಡಲಾರದೆ ಬಿದ್ದಿದ್ದರು. ಸ್ಟ್ರೆಚರ್ ಬೇಕು ಅಂತ ಸಂದೇಶ ಕಳಿಸಿದರು. ಫ್ರೆಂಚ್ ಹಡಗು ಒಸಿರಿಸ್ ಬಂದು ಎತ್ತಿಕೊಂಡಿತು. ಬೆನ್ನಿಗೆ ಟೈಟಾನಿಯಂ ಸರಳು ಹಾಕಿಸಿಕೊಂಡು, ಮತ್ತೆ ನಡೆಯೋದು ಕಲಿತು, ಅದೇ ರೇಸನ್ನ 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ಮುಗಿಸಿದರು. ನಾವೆಲ್ಲ ಆ 2023ನ್ನ ಹೊಗಳ್ತೀವಿ. 2018ರಲ್ಲಿ ಸ್ಟ್ರೆಚರ್ ಕೇಳದೇ ಇದ್ದಿದ್ದರೆ 2023 ಎಲ್ಲಿ ಬರ್ತಿತ್ತು?

ನಮ್ಮ ದೋಣಿ ನೀರಿಗಿಳಿದಿದ್ದು 2024ರ ಫೆಬ್ರವರಿಯಲ್ಲಿ, ಗೊರಾಯ್ ಖಾರಿಯಲ್ಲಿ. ಅಲ್ಲಿನ ಕೋಳಿ ಸಮಾಜದ ಹಿರಿಯರೊಬ್ಬರು ದಿನ ಆರಿಸಿಕೊಟ್ಟರು. ಹುಣ್ಣಿಮೆ, ಅಮಾವಾಸ್ಯೆಗೆ ಉಬ್ಬರ ಇಳಿತದ ಸೆಳೆತ ಜೋರು, ಅಷ್ಟಮಿ ಆಸುಪಾಸಿಗೆ ಕಮ್ಮಿ. ಉಬ್ಬರ ತುಂಬಿ ನೀರು ನಿಂತ ಹೊತ್ತಿಗೆ ಇಳಿಸಿ ಅಂದರು. ತಮ್ಮ ಮೋಟಾರು ದೋಣಿ ತಗೊಂಡು ಪಕ್ಕದಲ್ಲೇ ಇದ್ದರು. ಎಲ್ಲರಿಗೂ ಲೈಫ್ ಜಾಕೆಟ್. ನೀವು ಇಳಿಸೋದಾದರೆ ಬಂದರಿನವರ ನಿಯಮ ಕೇಳಿಕೊಂಡೇ ಇಳಿಸಿ.

ಒಂದು ಸಮಸ್ಯೆ ಇತ್ತು. ದೋಣಿ ತಿರುಗಿಸುವಾಗ ಹಾಯಿಯ ಕೆಳಗಿನ ಅಡ್ಡಮರ ತಲೆಮೇಲೆ ಬೀಸಿ ಹೋಗುತ್ತೆ, ಬಗ್ಗಬೇಕು. ನನ್ನ ಕತ್ತು ಬಗ್ಗಲ್ಲ. ಅದಕ್ಕೆ ನಕ್ಷೆ ಮೀರಿ ಹಾಯಿಯ ಕೆಳಭಾಗ ಒಂಬತ್ತು ಇಂಚು ಕತ್ತರಿಸಿ, ಅಡ್ಡಮರ ಎತ್ತರಿಸಿದ್ದೆ. ಹಾಯಿ ಚಿಕ್ಕದಾಯ್ತು, ವೇಗ ಕಮ್ಮಿ ಆಯ್ತು. ನನ್ನ ತಲೆ ಉಳೀತು.

ಇಪ್ಪತ್ತು ನಿಮಿಷ ಹೋದೆವು, ಅಷ್ಟೇ. ಹತ್ತು ನಿಮಿಷಕ್ಕೇ ನನ್ನ ಸೊಂಟ ಮಾತಾಡಕ್ಕೆ ಶುರು ಮಾಡ್ತು. ಚುಕ್ಕಾಣಿ ಮಗಳ ಕೈಗೆ ಕೊಟ್ಟೆ. 'ಅಪ್ಪಾ, ಸಾಕಾ?' ಅಂದಳು. ಮೊದಲಾಗಿದ್ದರೆ 'ಇನ್ನೂ ಒಂದು ಸುತ್ತು' ಅಂತಿದ್ದೆ. 'ಸಾಕು ಪುಟ್ಟಾ, ತಿರುಗಿಸು' ಅಂದೆ. ತಿರುಗಿಸಿದಳು. ಅಡ್ಡಮರ ತಲೆಗೆ ತಾಗದೆ ದಾಟಿ ಹೋಯ್ತು.

ಕಾಯಿಲೆ ಹಾಗೇ ಇದೆ, ಇಂಜೆಕ್ಷನ್ ಹಾಗೇ ನಡೀತಿದೆ. ದೋಣಿ ಪಾರ್ಕಿಂಗಲ್ಲಿ ಗೋಡೆಗೆ ಒರಗಿದೆ, ನೋಟ್‌ಬುಕ್ಕಿನಲ್ಲಿ ಇನ್ನೂ ಏಳು ಕೆಲಸ ಬಾಕಿ ಇವೆ. ಇದನ್ನ ಓದ್ತಿರೋ ನಿಮ್ಮಲ್ಲೂ ಯಾರಾದರೂ ನೋವು ಮುಚ್ಚಿಟ್ಟುಕೊಂಡು ಎಲ್ಲ ಕೆಲಸಕ್ಕೂ ಒಂದೇ ತಾರೀಖು ಹಾಕಿ ಕೂತಿದ್ದರೆ, ಇವತ್ತು ಸಂಜೆ ಒಂದು ಹಾಳೆ ತಗೊಂಡು ಆ ಎರಡು ಪಟ್ಟಿ ಬರೆದು ನೋಡಿ. ನಡುವೆ ಬಿಡಲಾಗದ ಕೆಲಸ ನಾವು ಅಂದುಕೊಂಡಷ್ಟು ಇರೋದಿಲ್ಲ. ಇರೋ ಒಂದೆರಡಕ್ಕೆ ಜೊತೆಗೆ ಯಾರನ್ನಾದರೂ ಕರೀರಿ.