ಹಳೆಯ ನೌಕರಿಯ ಹೊಣೆ, ಹೊಸ ನಾಡಿನ ಪೌರತ್ವ

(ಮಣಿಕೊಂಡದಲ್ಲಿ ಸೇರಿದ್ದ ನಮ್ಮ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ದುಡಿಯುವವರ ಸಂಘದಲ್ಲಿ ಅಮೆರಿಕದ ಪೌರತ್ವದ ಮಾತೇಕೆ ಎಂದು ಕೆಲವರು ಕೇಳಬಹುದು. ಕಾರಣ ನಮ್ಮ ಕಣ್ಣ ಮುಂದೆಯೇ ಇದೆ. ಬೀದರ, ಕಲಬುರಗಿ, ರಾಯಚೂರುಗಳ ಕಡೆಯಿಂದ ಬಂದ ನಮ್ಮ ಹುಡುಗ ಹುಡುಗಿಯರು ಈ ಮಣಿಕೊಂಡದಲ್ಲಿ ಮನೆಮಾಡಿಕೊಂಡು ಗಚ್ಚಿಬೌಲಿಯ ಕಂಪನಿಗಳಲ್ಲಿ ದುಡಿಯುತ್ತಾರೆ. ಅಲ್ಲಿಂದ ಕೆಲವರು ಸಮುದ್ರ ದಾಟುತ್ತಾರೆ. ಬೇಗಂಪೇಟೆಯಲ್ಲಿದ್ದ ಅಮೆರಿಕದ ಕಾನ್ಸುಲೇಟ್ ಕಚೇರಿಯೂ 2023ರಲ್ಲಿ ನಮ್ಮ ಪಕ್ಕದ ನಾನಕ್‌ರಾಮ್‌ಗೂಡಕ್ಕೆ ಬಂದಿದೆ. ಇನ್ನು ಗಂಡಿಪೇಟೆ ಕೆರೆಯ ಬದಿಯ ಚಿಲುಕೂರು ಬಾಲಾಜಿಯನ್ನು ಜನ ವೀಸಾ ಬಾಲಾಜಿ ಎಂದೇ ಕರೆಯುತ್ತಾರೆ. ಹರಕೆ ಹೊರುವಾಗ 11 ಸುತ್ತು, ಕೋರಿಕೆ ಈಡೇರಿದ ಮೇಲೆ 108 ಸುತ್ತು. ಈ ಲೆಕ್ಕವನ್ನು ತಾವು ನೆನಪಿನಲ್ಲಿಡಬೇಕು. ನಾನು ಹೇಳಬೇಕೆಂದಿರುವ ಮಾತಿಗೂ ಅದಕ್ಕೂ ಸಂಬಂಧವಿದೆ. ಪಡೆಯುವ ಮೊದಲಿನ ಸುತ್ತಿಗಿಂತ ಪಡೆದ ಮೇಲಿನ ಸುತ್ತೇ ದೊಡ್ಡದು.

ಮೊದಲು ದಾರಿಯನ್ನು ತಿಳಿಯೋಣ. ನಮ್ಮವರಲ್ಲಿ ಹಲವರು ಹೋಗುವುದು ಎಚ್-1ಬಿ ವೀಸಾದ ಮೇಲೆ. ಇದನ್ನು ಕೇಳಿ ಅರ್ಜಿ ಹಾಕುವವನು ಕೆಲಸಗಾರನಲ್ಲ, ಕಂಪನಿ. ಒಂದು ಸಲಕ್ಕೆ ಮೂರು ವರ್ಷ, ಸಾಮಾನ್ಯವಾಗಿ ಒಟ್ಟು ಆರು ವರ್ಷ. ಅಲ್ಲಿಯೇ ಕಾಯಂ ಆಗಿ ನೆಲೆಸಲು ಗ್ರೀನ್ ಕಾರ್ಡ್ ಬೇಕು. ನೌಕರಿಯ ಮೂಲಕ ಅದನ್ನು ಪಡೆಯುವ ಸಾಮಾನ್ಯ ದಾರಿಯಲ್ಲಿ ಮೂರು ಮೆಟ್ಟಿಲು. ಈ ಕೆಲಸಕ್ಕೆ ತಕ್ಕ ಅಮೆರಿಕದವರು ಸಿಗಲಿಲ್ಲವೆಂದು ಕಾರ್ಮಿಕ ಇಲಾಖೆಯ ದೃಢೀಕರಣ ಮೊದಲನೆಯದು. ಕಂಪನಿ ಸಲ್ಲಿಸುವ ಐ-140 ಮನವಿ ಎರಡನೆಯದು. ಕೆಲಸಗಾರ ತಾನೇ ಸಲ್ಲಿಸುವ ಐ-485 ಅರ್ಜಿ ಮೂರನೆಯದು. ಹೀಗೆ ಹೊಣೆ ನಿಂತ ಕಂಪನಿಗೆ ಸ್ಪಾನ್ಸರ್ ಎಂದು ಹೆಸರು.

ಇಲ್ಲಿ ಬಹಳ ಜನ ತಪ್ಪು ತಿಳಿಯುವ ಸಂಗತಿಯೊಂದಿದೆ. ಗ್ರೀನ್ ಕಾರ್ಡ್ ಹಿಂದಿನ ದುಡಿಮೆಗೆ ಕೊಟ್ಟ ಬಹುಮಾನವಲ್ಲ. ಅದು ಮುಂದಿನ ಕೆಲಸದ ವಾಗ್ದಾನದ ಮೇಲೆ ನಿಂತದ್ದು. ಕಾರ್ಡು ಬಂದ ಮೇಲೆ ಈ ಕೆಲಸ ಕೊಡುತ್ತೇನೆಂಬ ಮನಸ್ಸು ಕಂಪನಿಗೂ, ಮಾಡುತ್ತೇನೆಂಬ ಮನಸ್ಸು ಕೆಲಸಗಾರನಿಗೂ ನಿಜವಾಗಿ ಇರಬೇಕು. ಇದೇ ಆ ಹರಕೆ.

ಆದರೆ ಹರಕೆಗೂ ಫಲಕ್ಕೂ ನಡುವೆ ಕಾಲ ಎಷ್ಟು? ನೌಕರಿಯ ಮೂಲಕ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡುಗಳು. ಯಾವ ಒಂದು ದೇಶದಲ್ಲಿ ಹುಟ್ಟಿದವರಿಗೂ ನೂರಕ್ಕೆ ಏಳರ ಮಿತಿ. ಆದಕಾರಣ ಭಾರತದಲ್ಲಿ ಹುಟ್ಟಿದವರ ಸಾಲು ಹತ್ತು ವರ್ಷವನ್ನೂ ಮೀರಿ ಬೆಳೆದಿದೆ. ಅಷ್ಟು ಕಾಲದಲ್ಲಿ ಕಂಪನಿ ಮುಚ್ಚಬಹುದು, ಮಾರಾಟವಾಗಬಹುದು, ಕೆಲಸದಿಂದ ತೆಗೆಯಬಹುದು. ಇದನ್ನರಿತೇ 2000ದಲ್ಲಿ ಅಲ್ಲಿನ ಕಾಂಗ್ರೆಸ್ಸು ಒಂದು ಕಾನೂನು ಮಾಡಿತು. ಐ-485 ಅರ್ಜಿ 180 ದಿನ ತೀರ್ಮಾನವಾಗದೆ ಉಳಿದರೆ, ಅದೇ ಕಸುಬಿಗೆ ಅಥವಾ ಅದನ್ನು ಹೋಲುವ ಕಸುಬಿಗೆ ಬೇರೆ ಕಂಪನಿಯಲ್ಲಿ ಸೇರಬಹುದು. ದುಡಿಯುವವನಿಗೆ ಇದು ದೊಡ್ಡ ಆಸರೆ. ಆದರೆ ಹಾಗೆ ಬದಲಿಸಿದ್ದಕ್ಕೆ ಕಾಗದಪತ್ರದ ಆಧಾರ ಇರಬೇಕು.

ಈಗ ಪೌರತ್ವಕ್ಕೆ ಬರೋಣ. ಗ್ರೀನ್ ಕಾರ್ಡ್ ಪಡೆದು ಸಾಮಾನ್ಯವಾಗಿ ಐದು ವರ್ಷವಾದ ಮೇಲೆ ಎನ್-400 ಎಂಬ ಅರ್ಜಿ ಹಾಕುತ್ತಾರೆ. ಆ ಐದು ವರ್ಷಗಳಲ್ಲಿ ಕನಿಷ್ಠ 30 ತಿಂಗಳು ಆ ನೆಲದಲ್ಲೇ ಇದ್ದಿರಬೇಕು, ಸನ್ನಡತೆ ಇರಬೇಕು, ಇಂಗ್ಲಿಷಿನ ಮತ್ತು ಆ ದೇಶದ ಚರಿತ್ರೆಯ ಪರೀಕ್ಷೆ ಕೊಡಬೇಕು. ನಮ್ಮವರು ಪರೀಕ್ಷೆಯ ಪ್ರಶ್ನೆಗಳನ್ನು ಉರುಹೊಡೆದು ಹೋಗುತ್ತಾರೆ. ಆದರೆ ಅಧಿಕಾರಿಯ ಮೇಜಿನ ಮೇಲೆ ಅವರ ಹಳೆಯ ಕಡತವೂ ಇರಬಹುದೆಂಬುದನ್ನು ಮರೆಯುತ್ತಾರೆ. ಅಲ್ಲಿನ ವಲಸೆ ಕಾನೂನಿನ 318ನೆಯ ಕಲಮಿನ ಪ್ರಕಾರ, ಕಾಯಂ ನೆಲಸಿಕೆ ಕಾನೂನುಬದ್ಧವಾಗಿ ದೊರೆತಿತ್ತೆಂದು ಅರ್ಜಿದಾರನೇ ತೋರಿಸಿಕೊಡಬೇಕು. ಕಾರ್ಡು ಕೈಯಲ್ಲಿದ್ದರೆ ಸಾಲದು. ಕೊಟ್ಟ ಕಾಲಕ್ಕೆ ಅದು ಸಲ್ಲತಕ್ಕದ್ದಾಗಿತ್ತೇ ಎಂಬುದು ಪ್ರಶ್ನೆ. ಮೋಸದಿಂದ ಕಾರ್ಡು ಪಡೆದವನು ಎಂದೂ ಕಾನೂನುಬದ್ಧ ನಿವಾಸಿಯಾಗಿರಲೇ ಇಲ್ಲವೆಂದು ಅಲ್ಲಿನ ವಲಸೆ ಮೇಲ್ಮನವಿ ಮಂಡಳಿ 2003ರಲ್ಲಿ ತೀರ್ಮಾನಿಸಿತು. ಸರಕಾರವೇ ತಪ್ಪಿ ಕೊಟ್ಟ ಕಾರ್ಡಿಗೂ ನ್ಯಾಯಾಲಯಗಳು ಇದೇ ನ್ಯಾಯವನ್ನು ಅನ್ವಯಿಸಿದ್ದುಂಟು.

ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಬೀದರಿನವನು, ಮಣಿಕೊಂಡದಲ್ಲಿ ಬಾಡಿಗೆಗಿದ್ದು ಹೋದವನು. ಒಂದು ಸಣ್ಣ ಕಂಪನಿ ಅವನಿಗೆ ಹೊಣೆ ನಿಂತಿತು. ಕಾರ್ಡು ಬಂದ ವಾರವೇ ಅವನು ಬೇರೆಡೆ ಬೇರೆ ಕಸುಬಿಗೆ ಹೋದ. ಹೊಣೆ ನಿಂತವರ ಕಚೇರಿಯ ಮೆಟ್ಟಿಲನ್ನೇ ಹತ್ತಲಿಲ್ಲ. ಐದು ವರ್ಷದ ಮೇಲೆ ಅಧಿಕಾರಿ ಕೇಳುತ್ತಾನೆ: ನಿನಗೆ ಕಾರ್ಡು ಬಂದದ್ದು ಯಾವ ಕೆಲಸಕ್ಕೆ? ಆ ಕೆಲಸ ಮಾಡಿದೆಯಾ? ಇಲ್ಲವಾದರೆ ಏಕೆ? ಇಷ್ಟು ತಿಂಗಳು ದುಡಿಯಲೇಬೇಕೆಂದು ಕಾನೂನು ಎಲ್ಲಿಯೂ ಗೆರೆ ಎಳೆದಿಲ್ಲ. ನೋಡುವುದು ಮನಸ್ಸನ್ನು, ಮನಸ್ಸಿಗೆ ಸಾಕ್ಷಿ ನಡತೆ. ಅದೇ ಹುಡುಗನನ್ನು ಕಂಪನಿಯೇ ತೆಗೆದುಹಾಕಿದ್ದರೆ ಮಾತು ಬೇರೆ. ಅದು ಅವನ ತಪ್ಪಲ್ಲ. ಆದರೆ ತೆಗೆದುಹಾಕಿದ ಪತ್ರ ಅವನ ಕೈಯಲ್ಲಿರಬೇಕು. ಕೆಲಸ ಕಳೆದುಕೊಂಡ ದಿನ ಸಿಟ್ಟಿನಿಂದ ಹರಿದೆಸೆದ ಕಾಗದ ಐದು ವರ್ಷದ ಮೇಲೆ ಅವನನ್ನು ಕಾಯುವ ಕಾಗದವಾಗಿರುತ್ತದೆ.

ಮಿತ್ರರೇ, ಇದಕ್ಕಿಂತ ಕಹಿಯಾದ ಮಾತೊಂದಿದೆ. ಮಾಡದ ಕೆಲಸಕ್ಕೆ ಅನುಭವಪತ್ರ, ಇಲ್ಲದ ಗಿರಾಕಿಯ ಹೆಸರಿನಲ್ಲಿ ಒಪ್ಪಂದ, ಇವನ್ನು ಒದಗಿಸುವ ದಲ್ಲಾಳಿಗಳು ಎಲ್ಲ ಊರುಗಳಲ್ಲೂ ಇದ್ದಾರೆ. ಈ ಊರಿನ ಹಿರಿಯರಿಗೆ ಮುಲ್ಕಿ ಎಂಬ ಶಬ್ದ ಚೆನ್ನಾಗಿ ಗೊತ್ತು. ನಿಜಾಮರ ರಾಜ್ಯದಲ್ಲಿ ಸರಕಾರಿ ನೌಕರಿ ಬೇಕಾದರೆ ಈ ನಾಡಿನವನಾಗಿರಬೇಕು, ಇಲ್ಲವೇ ಹದಿನೈದು ವರ್ಷ ಇಲ್ಲಿ ನೆಲೆಸಿರಬೇಕು ಎಂಬ ನಿಯಮವಿತ್ತು. 1956ರವರೆಗೆ ಇದೇ ಹೈದರಾಬಾದ್ ರಾಜ್ಯದಲ್ಲಿದ್ದ ನಮ್ಮ ಬೀದರ, ಗುಲ್ಬರ್ಗ, ರಾಯಚೂರಿನವರೂ ಮುಲ್ಕಿಗಳೇ. ಸುಳ್ಳು ಮುಲ್ಕಿ ಪ್ರಮಾಣಪತ್ರ ತೋರಿಸಿ ಹೊರಗಿನವರು ನೌಕರಿ ಹಿಡಿಯುತ್ತಿದ್ದಾರೆಂಬ ದೂರಿನಿಂದ 1952ರಲ್ಲಿ ಈ ನಗರದಲ್ಲಿ ಚಳವಳಿಯೆದ್ದು, ಗೋಲಿಬಾರಿನಲ್ಲಿ ಜೀವಗಳು ಹೋದವು. ಸುಳ್ಳು ಕಾಗದ ಒಬ್ಬನಿಗೆ ಕೆಲಸ ಕೊಡಿಸಬಹುದು. ನಿಜವಾದ ಕಾಗದ ಹಿಡಿದು ನಿಂತ ನೂರು ಜನರ ಮೇಲೆ ಸಂಶಯ ಬರುವಂತೆಯೂ ಅದೇ ಮಾಡುತ್ತದೆ. ಇಂದು ನಮ್ಮ ಹುಡುಗರು ಪರದೇಶದ ಮೇಜಿನ ಮುಂದೆ ಅನುಭವಿಸುವುದು ಅದನ್ನೇ.

ಆದರೆ ಎಲ್ಲ ತಪ್ಪನ್ನೂ ಕೆಲಸಗಾರನ ತಲೆಗೆ ಕಟ್ಟುವುದು ನ್ಯಾಯವಲ್ಲ. ಕೆಲಸವಿಲ್ಲವೆಂದು ಎಚ್-1ಬಿ ನೌಕರನನ್ನು ಸಂಬಳವಿಲ್ಲದೆ ಕೂರಿಸುವುದನ್ನು ಅಲ್ಲಿನ 1998ರ ಕಾನೂನು ನಿಷೇಧಿಸಿದೆ. ಕಾರ್ಮಿಕ ದೃಢೀಕರಣದ ಖರ್ಚನ್ನು ನೌಕರನಿಂದ ವಸೂಲು ಮಾಡಕೂಡದೆಂದು 2007ರ ನಿಯಮವಿದೆ. ಇವನ್ನು ಮುರಿಯುವ ಮಾಲೀಕರಿದ್ದಾರೆ. ಮುರಿದವನು ಮಾಲೀಕ, ಮುಂದೆ ಉತ್ತರ ಹೇಳಬೇಕಾದವನು ದುಡಿದವನು. ಆದಕಾರಣ ತನ್ನ ಹಕ್ಕನ್ನು ತಿಳಿದು, ಆಯಾ ದಿನವೇ ಬರೆದಿಟ್ಟುಕೊಳ್ಳುವುದು ದುಡಿಯುವವನ ಆತ್ಮರಕ್ಷಣೆ.

ಮಾಡಬೇಕಾದುದೇನು? ಹೋಗುವವರಿಗೆ ಇದನ್ನು ಹೇಳಿ. ಕೆಲಸದ ಆಹ್ವಾನಪತ್ರ, ಪ್ರತಿ ತಿಂಗಳ ಸಂಬಳಚೀಟಿ, ವರ್ಷದ ತೆರಿಗೆಪತ್ರ, ಮಂಜೂರಾತಿಯ ಪತ್ರಗಳು, ಕೆಲಸ ಬಿಟ್ಟ ಅಥವಾ ಬಿಡಿಸಿದ ಪತ್ರ, ಇವುಗಳನ್ನು ಪಾಸ್‌ಪೋರ್ಟಿನಷ್ಟೇ ಜೋಪಾನವಾಗಿಡಿ. ಐ-140 ಮನವಿಯ ಪ್ರತಿಯನ್ನು ಕಂಪನಿಯಲ್ಲಿ ಕೇಳಿ; ಸಿಗದಿದ್ದರೆ ಅಲ್ಲಿನ ಮಾಹಿತಿ ಹಕ್ಕಿನ ಕಾನೂನಿನಂತೆ ಸರಕಾರದಿಂದ ನಿಮ್ಮ ಕಡತದ ಪ್ರತಿ ಕೇಳಬಹುದು. ಕಂಪನಿಯ ವಕೀಲ ಕಂಪನಿಯ ಹಿತವನ್ನೂ ನೋಡುವವನು. ಪೌರತ್ವದ ಅರ್ಜಿಗೆ ಮೊದಲು ನಿಮ್ಮದೇ ವಕೀಲನಿಗೆ ಹಳೆಯದನ್ನೆಲ್ಲ ತೋರಿಸಿ. ಪೌರತ್ವ ಕೇಳಲೇಬೇಕೆಂಬ ಬಲವಂತವಿಲ್ಲ. ಗ್ರೀನ್ ಕಾರ್ಡನ್ನು ಹತ್ತು ವರ್ಷಕ್ಕೊಮ್ಮೆ ಹೊಸದು ಮಾಡಿಸಿಕೊಂಡು ಇರಬಹುದು. ಆದರೆ ಗಂಟು ಇರುವ ಕಡತದ ಮೇಲೆ ಅವಸರದಿಂದ ಅರ್ಜಿ ಹಾಕಿದರೆ ಪೌರತ್ವ ತಪ್ಪುವುದಲ್ಲದೆ ಗಡೀಪಾರಿನ ವಿಚಾರಣೆಯೂ ಬರಬಹುದು. ಅರ್ಜಿ ತಿರಸ್ಕಾರವಾದರೆ 30 ದಿನದೊಳಗೆ ಮರುವಿಚಾರಣೆ ಕೇಳಬಹುದು, ಅದರ ಮೇಲೆ ನ್ಯಾಯಾಲಯವಿದೆ. ಎಲ್ಲಕ್ಕಿಂತ ಮೊದಲು, ಕೇಳಿದ್ದಕ್ಕೆ ಸತ್ಯವನ್ನೇ ಹೇಳಿ. ಹಳೆಯ ತೊಡಕಿಗೆ ಎಷ್ಟೋ ವೇಳೆ ಪರಿಹಾರವುಂಟು. ಅದನ್ನು ಮುಚ್ಚಲು ಹೇಳಿದ ಹೊಸ ಸುಳ್ಳು ಸನ್ನಡತೆಯನ್ನೇ ನುಂಗುತ್ತದೆ.

ಇಷ್ಟೆಲ್ಲ ಏಕೆ ಮುಖ್ಯವೆಂದರೆ, ಇದರ ನೋವು ಅಲ್ಲಿಗಷ್ಟೇ ನಿಲ್ಲುವುದಿಲ್ಲ. ಗ್ರೀನ್ ಕಾರ್ಡ್ ಇದ್ದವನು ತಂದೆತಾಯಿಯನ್ನು ಕಾಯಂ ಆಗಿ ಕರೆಸಿಕೊಳ್ಳುವಂತಿಲ್ಲ. 21 ವರ್ಷ ತುಂಬಿದ ಪೌರನಿಗೆ ಮಾತ್ರ ಆ ಹಕ್ಕು. ಮಗನ ಹಳೆಯ ಕಡತದಲ್ಲಿ ಒಂದು ಕಾಗದ ಸುಳ್ಳಾದರೆ ಇಲ್ಲಿ ಮುದಿ ತಾಯಿ ಕಾಯುತ್ತಲೇ ಕೂರುತ್ತಾಳೆ. ನಮ್ಮ 1955ರ ಪೌರತ್ವ ಕಾಯಿದೆಯಂತೆ ಬೇರೆ ದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದವನು ಭಾರತದ ಪೌರನಾಗಿ ಉಳಿಯುವುದಿಲ್ಲ. ಆಮೇಲೆ ಸಾಗರೋತ್ತರ ಭಾರತೀಯನೆಂಬ ಚೀಟಿ ಸಿಗಬಹುದು, ಮತದ ಹಕ್ಕು ಸಿಗದು. ತವರಿನ ಬಾಗಿಲು ಮುಚ್ಚಿ ದಾಟುವ ಹೊಸ್ತಿಲು ಅದು. ದಾಟುವ ಮುನ್ನ ಕಾಲ ಕೆಳಗಿನ ನೆಲ ಗಟ್ಟಿಯಿದೆಯೇ ಎಂದು ನೋಡಿಕೊಳ್ಳಬೇಡವೇ?

ನಮ್ಮ ಸಂಘಕ್ಕೆ ನನ್ನದೊಂದು ಅರಿಕೆ. ಪರದೇಶಕ್ಕೆ ಹೊರಟ ನಮ್ಮವರಿಗೆ ಹಾರ ಹಾಕಿ ಬೀಳ್ಕೊಡುತ್ತೇವೆ. ಅದರ ಜೊತೆಗೆ ಕಾಗದಪತ್ರ ಇಡಲು ಒಂದು ಕಡತವನ್ನೂ ಕೈಗೆ ಕೊಡೋಣ. ಅದರಲ್ಲಿ ಮೊದಲ ಕಾಗದವಾಗಿ ಅವರ ನಿಜವಾದ ಅನುಭವಪತ್ರವಿರಲಿ. ಎರಡು ವರ್ಷದ ಅನುಭವವಿದ್ದರೆ ಎರಡೇ ಎಂದಿರಲಿ. ಅದು ಎಷ್ಟು ಸಣ್ಣದಾದರೂ ಎಲ್ಲ ಮೇಜಿನ ಮುಂದೆಯೂ ನಿಲ್ಲುತ್ತದೆ.