ಚುಚ್ಚಿದ್ದು ಲಸಿಕೆ, ಕುಡಿಸೋದು ವಿಷ



ಇವತ್ತು ರಾಜಕೀಯ ಬೇಡ. ಕುರ್ಚಿ, ಬಣ, ದೆಹಲಿ ಯಾತ್ರೆ ಎಲ್ಲ ನಾಳೆಯೂ ಇರುತ್ತೆ. ಇವತ್ತು ಒಂದು ವಾಟ್ಸಾಪ್ ಸಂದೇಶದ ಬಗ್ಗೆ ಮಾತಾಡ್ತೀನಿ.

ವಿಜಯನಗರದ ಒಬ್ಬ ತಾಯಿ ಇದನ್ನು ನನಗೆ ಕಳಿಸಿದ್ದಾರೆ. ಅವರ ಮಗುವಿಗೆ ಒಂದೂವರೆ ವರ್ಷ. ಬೆಳಗ್ಗೆ ಆರೋಗ್ಯ ಕೇಂದ್ರಕ್ಕೆ ಹೋಗಿ, ತಾಯಿ ಕಾರ್ಡ್ ತೋರಿಸಿ, ಡಿಪಿಟಿ ಬೂಸ್ಟರ್ ಮತ್ತು ದಡಾರ-ರುಬೆಲ್ಲಾ ಎರಡನೇ ಡೋಸ್ ಹಾಕಿಸಿಕೊಂಡು ಬಂದಿದ್ದಾರೆ. ಸಂಜೆ ಹೊತ್ತಿಗೆ ಮಗುವಿಗೆ ಮೈ ಬಿಸಿ. ಚುಚ್ಚಿದ ಜಾಗ ಊದಿದೆ. ಎತ್ತಿಕೊಂಡರೂ ಅಳು, ಇಳಿಸಿದರೂ ಅಳು. ಪಕ್ಕದ ಮನೆ ಆಂಟಿ ಬಂದು ನೋಡಿದರು, "ಅಯ್ಯೋ ಪಾಪ" ಅಂದರು, ಪ್ರೀತಿಯಿಂದಲೇ ಒಂದು ಮೆಸೇಜ್ ಫಾರ್ವರ್ಡ್ ಮಾಡಿದರು.

ಏನಿದೆ ಅದರಲ್ಲಿ? ಲಸಿಕೆಯ ವಿಷ ಹೊರಹಾಕುವ 21 ದಿನಗಳ ಡಿಟಾಕ್ಸ್. ಮಕ್ಕಳಿಗೂ ಆಗುತ್ತೆ, ದೊಡ್ಡವರಿಗೂ ಆಗುತ್ತೆ. ಸ್ನಾನಕ್ಕೆ ಒಂದು ಪುಡಿ, ಲೋಹ ಹೀರಲು ಹನಿ ಔಷಧಿ, ಕುಡಿಯಲು ಕಷಾಯ. ಮೂರೂ ಸೇರಿ 2,400 ರೂಪಾಯಿ. ರಾಜಾಜಿನಗರ, ಬಸವೇಶ್ವರನಗರದಿಂದ ಹಿಡಿದು ಕೆಂಗೇರಿವರೆಗೆ ಮನೆ ಬಾಗಿಲಿಗೇ ತಂದು ಕೊಡ್ತಾರಂತೆ. ಕೊನೆಯಲ್ಲಿ ಒಂದು ಸಾಲು: ಡಾಕ್ಟರ್ ಹತ್ತಿರ ಕೇಳಬೇಡಿ, ಅವರು ಒಪ್ಪೋದಿಲ್ಲ.

ಆ ತಾಯಿ ನನಗೆ ಕೇಳಿದ್ದು ಎರಡು ಪ್ರಶ್ನೆ. "ಸಾರ್, ಇದನ್ನ ಮಗುವಿಗೆ ಕೊಡಬಹುದಾ?" ಇದು ಮೊದಲನೆಯದು. "ಕೊಡದೇ ಇದ್ರೆ ನಾನು ತಪ್ಪು ಮಾಡಿದ ಹಾಗಾಗುತ್ತಾ?" ಇದು ಎರಡನೆಯದು. ಈ ವ್ಯಾಪಾರ ನಿಂತಿರೋದೇ ಆ ಎರಡನೇ ಪ್ರಶ್ನೆಯ ಮೇಲೆ. ತಾಯಿಯ ಮನಸ್ಸಿನಲ್ಲಿ ಅಪರಾಧಿ ಭಾವ ಹುಟ್ಟಿಸಬೇಕು, ಆಮೇಲೆ ಅದಕ್ಕೆ ಮದ್ದು ಅಂತ ಪ್ಯಾಕೆಟ್ ಮಾರಬೇಕು.

ಸರಿ, ವಿಷ ಅಂತಾರಲ್ಲ, ಯಾವ ವಿಷ? ಹೆಸರು ಹೇಳಿ ಅಂದ್ರೆ "ಪಾದರಸ, ಅಲ್ಯೂಮಿನಿಯಂ" ಅಂತಾರೆ. ನೋಡೋಣ. ದಡಾರ-ರುಬೆಲ್ಲಾ ಲಸಿಕೆಯಲ್ಲಿ ಪಾದರಸವೂ ಇಲ್ಲ, ಅಲ್ಯೂಮಿನಿಯಮ್ಮೂ ಇಲ್ಲ. ಅದರಲ್ಲಿರೋದು ಶಕ್ತಿ ಕುಂದಿಸಿದ ವೈರಸ್. ಇಲ್ಲದ ಲೋಹವನ್ನು ಹೀರೋಕೆ ಹನಿ ಔಷಧಿ ಯಾಕೆ ಸ್ವಾಮಿ?

ಡಿಪಿಟಿಯಲ್ಲಿ ಅಲ್ಯೂಮಿನಿಯಂ ಲವಣ ಇದೆ, ನಿಜ. ಲಸಿಕೆಗೆ ದೇಹ ಚೆನ್ನಾಗಿ ಸ್ಪಂದಿಸಲಿ ಅಂತ ಸೇರಿಸ್ತಾರೆ. ಪ್ರಮಾಣ ಮಿಲಿಗ್ರಾಮ್ ಲೆಕ್ಕದ್ದು. ನಾವು ತಿನ್ನುವ ಅನ್ನ, ಕುಡಿಯುವ ನೀರಿನಲ್ಲೂ ಅಲ್ಯೂಮಿನಿಯಂ ಇರುತ್ತೆ, ರಕ್ತ ಸೇರಿದ್ದನ್ನು ಕಿಡ್ನಿ ಹೊರಹಾಕುತ್ತೆ. ಹತ್ತು ಮಕ್ಕಳಿಗೆ ಹಾಕುವ ಒಂದೇ ಬಾಟಲಿ ಕೆಡಬಾರದು ಅಂತ ಥಿಯೋಮರ್ಸಾಲ್ ಅನ್ನೋ ಸಂರಕ್ಷಕ ಬಳಸ್ತಾರೆ. ಅದರಲ್ಲಿ ಪಾದರಸದ ಅಂಶ ಇದೆ, ಮುಚ್ಚಿಡೋಕೆ ಏನೂ ಇಲ್ಲ. ಆದರೆ ಅದು ಮೈಕ್ರೋಗ್ರಾಮ್ ಲೆಕ್ಕದ್ದು, ಎಥೈಲ್ ಪಾದರಸ. ಕಲುಷಿತ ಮೀನಿನಿಂದ ಬಂದು ದೇಹದಲ್ಲಿ ಬೀಡುಬಿಡೋ ಮಿಥೈಲ್ ಪಾದರಸ ಬೇರೆ. ಎಥೈಲ್ ಪಾದರಸದ ಅರ್ಧ ಪಾಲು ಸುಮಾರು ಒಂದು ವಾರದೊಳಗೆ ರಕ್ತದಿಂದ ಹೋಗಿರುತ್ತೆ. 21 ದಿನದ ಪ್ಯಾಕೇಜ್ ಮುಗಿಯೋ ಹೊತ್ತಿಗೆ ದೇಹ ತನ್ನ ಕೆಲಸ ತಾನೇ ಮಾಡಿರುತ್ತೆ. ಕೀರ್ತಿ ಮಾತ್ರ ಪ್ಯಾಕೆಟ್ ಮಾರಿದವನಿಗೆ!

ಹಾಗಾದರೆ ಜ್ವರ ಯಾಕೆ ಬಂತು? ರೋಗನಿರೋಧಕ ಶಕ್ತಿ ಪಾಠ ಕಲೀತಾ ಇದೆ ಅನ್ನೋದರ ಗುರುತು ಅದು. ಡಿಪಿಟಿ ಆದಮೇಲೆ ಒಂದೆರಡು ದಿನ ಜ್ವರ, ಊತ, ರಚ್ಚೆ ಸಾಮಾನ್ಯ. ತಾನಾಗಿಯೇ ಇಳಿಯುವ ಜ್ವರವನ್ನು ವಿಷ ಅಂತ ಕರೆದು ಹೆದರಿಸ್ತಾರೆ, ಇಳಿದಮೇಲೆ ನಮ್ಮ ಔಷಧಿಯಿಂದಲೇ ಇಳೀತು ಅಂತಾರೆ.

ಈ ಭಯ ಎಲ್ಲಿಂದ ಬಂತು ಗೊತ್ತಾ? 1998ರಲ್ಲಿ ಇಂಗ್ಲೆಂಡಿನ ಆಂಡ್ರ್ಯೂ ವೇಕ್‌ಫೀಲ್ಡ್ ಅನ್ನೋ ವೈದ್ಯ ಕೇವಲ 12 ಮಕ್ಕಳನ್ನು ಮುಂದಿಟ್ಟುಕೊಂಡು ದಡಾರದ ಲಸಿಕೆಗೂ ಆಟಿಸಂಗೂ ನಂಟು ಇರಬಹುದು ಅಂತ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. 2010ರಲ್ಲಿ ಪತ್ರಿಕೆ ಆ ಲೇಖನವನ್ನೇ ವಾಪಸ್ ಪಡೀತು. ಅದೇ ವರ್ಷ ವೇಕ್‌ಫೀಲ್ಡ್ ಹೆಸರನ್ನು ಬ್ರಿಟನ್ನಿನ ವೈದ್ಯರ ಪಟ್ಟಿಯಿಂದ ತೆಗೆದುಹಾಕಿದರು. ಲೇಖನ ಸತ್ತುಹೋಯ್ತು, ಭಯ ಸಾಯಲಿಲ್ಲ. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ನಮ್ಮ ಬೆಂಗಳೂರಿನಿಂದಲೇ ಶುರುವಾದಾಗ ಮೊಬೈಲ್‌ಗಳಲ್ಲಿ ಹರಿದಾಡಿದ ಸುಳ್ಳುಗಳನ್ನು ನೀವೂ ನೋಡಿದ್ದೀರಿ.

ಈಗ ಪ್ಯಾಕೆಟ್ ಬಿಚ್ಚೋಣ.

ಮೊದಲನೆಯದು ಸ್ನಾನದ ಪುಡಿ. 2021ರಲ್ಲಿ ಅಮೆರಿಕದಲ್ಲಿ ಒಂದು ವಿಡಿಯೋ ಓಡಾಡ್ತು. ಅಡುಗೆ ಸೋಡ, ಎಪ್ಸಮ್ ಉಪ್ಪು, ಬೊರಾಕ್ಸ್ ಹಾಕಿದ ನೀರಿನಲ್ಲಿ ಕೂತರೆ ಕೋವಿಡ್ ಲಸಿಕೆ ದೇಹದಿಂದ ಹೊರಗೆ ಬರುತ್ತೆ ಅಂತ. ಬೊರಾಕ್ಸ್ ಅಂದ್ರೆ ನಮ್ಮ ಗ್ರಂಥಿಗೆ ಅಂಗಡಿಯ ಬಿಳಿಗಾರ. ಸ್ನಾಯುವಿಗೆ ಚುಚ್ಚಿದ ಲಸಿಕೆ ಚರ್ಮದಿಂದ ಬಕೆಟ್‌ಗೆ ಇಳಿದು ಬರಲ್ಲ. ಆದರೆ ಬಿಳಿಗಾರ ಮಗುವಿನ ಬಾಯಿಗೆ ಹೋದರೆ ವಾಂತಿ, ಭೇದಿ, ಫಿಟ್ಸ್‌ವರೆಗೂ ಹೋಗುತ್ತೆ.

ಎರಡನೆಯದು ಲೋಹ ಹೀರುವ ಔಷಧಿ. ಲೋಹವನ್ನು ಕಟ್ಟಿ ಹೊರಹಾಕುವ ಕೀಲೇಷನ್ ಅನ್ನೋ ಚಿಕಿತ್ಸೆ ನಿಜವಾಗಿಯೂ ಇದೆ. ಸೀಸದ ವಿಷ ಏರಿದವರಿಗೆ, ರಕ್ತ ಪರೀಕ್ಷೆ ಮಾಡಿ, ವೈದ್ಯರ ಕಣ್ಗಾವಲಲ್ಲಿ ಕೊಡುವ ಚಿಕಿತ್ಸೆ ಅದು. ಸೀಸದ ವಿಷವನ್ನು ಅಳೆದು ನೋಡುವ ರಾಷ್ಟ್ರೀಯ ಕೇಂದ್ರವೇ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಶುರುವಾಗಿತ್ತು. ಅಳತೆ ಇಲ್ಲದೆ ಇದನ್ನು ಕೊಟ್ಟರೆ ಏನಾಗುತ್ತೆ? 2005ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಆಟಿಸಂ ಇದ್ದ ಐದು ವರ್ಷದ ಹುಡುಗನಿಗೆ ಕ್ಲಿನಿಕ್ ಒಂದರಲ್ಲಿ ಕೀಲೇಷನ್ ಕೊಟ್ಟರು. ಆ ಔಷಧಿ ರಕ್ತದಲ್ಲಿದ್ದ ಕ್ಯಾಲ್ಸಿಯಮ್ಮನ್ನೇ ಎಳೆದುಕೊಂಡಿತು. ಹುಡುಗನ ಹೃದಯ ನಿಂತುಹೋಯ್ತು.

ಇನ್ನೊಂದು ಕೇಳಿ. ಕ್ಲೋರಿನ್ ಡೈಆಕ್ಸೈಡ್ ಅಂತ ಒಂದು ರಾಸಾಯನಿಕ. ಬಟ್ಟೆ, ಕಾಗದ ಬಿಳಿ ಮಾಡೋಕೆ ಕಾರ್ಖಾನೆಗಳಲ್ಲಿ ಬಳಸೋ ಬ್ಲೀಚ್. ಅದನ್ನೇ ಪವಾಡದ ಔಷಧಿ ಅಂತ ಹೆಸರಿಟ್ಟು, ಆಟಿಸಂಗೂ ಕೊಡಿ, ಕೋವಿಡ್‌ಗೂ ಕುಡೀರಿ ಅಂತ ಫ್ಲೋರಿಡಾದ ಒಬ್ಬ ಅಪ್ಪ, ಮೂವರು ಗಂಡುಮಕ್ಕಳು ಮಾರಿದರು. 2023ರಲ್ಲಿ ನಾಲ್ವರಿಗೂ ಜೈಲಾಯ್ತು. ಇಬ್ಬರಿಗೆ 12 ವರ್ಷಕ್ಕೂ ಹೆಚ್ಚು, ಉಳಿದಿಬ್ಬರಿಗೆ ಐದು ವರ್ಷ. ಹಾಲು ಕುಡಿದ ಮಕ್ಕಳೇ ಬದುಕಲ್ಲ, ಇನ್ನು ವಿಷ ಕುಡಿದ ಮಕ್ಕಳು ಬದುಕ್ತಾವಾ ಅಂತ ನಮ್ಮ ಅಜ್ಜಿಯರು ಸುಮ್ಮನೆ ಹೇಳಲಿಲ್ಲ.

ಮೂರನೆಯದು ಕಷಾಯ. ಇಲ್ಲಿ ಸ್ವಲ್ಪ ಸಮಾಧಾನವಾಗಿ ಕೇಳಿ, ಇದು ಆಯುರ್ವೇದದ ಮೇಲಿನ ದಾಳಿ ಅಲ್ಲ. ಶುಂಠಿ, ಮೆಣಸಿನ ಕಷಾಯ ನಮ್ಮ ಮನೆಯಲ್ಲೂ ಮಾಡ್ತಾರೆ. ಆದರೆ ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯನ್ನು ತಿಂಗಳುಗಟ್ಟಲೆ ಕುಡಿದು ಲಿವರ್‌ಗೆ ಪೆಟ್ಟು ಮಾಡಿಕೊಂಡ ಆರು ರೋಗಿಗಳ ಬಗ್ಗೆ ಮುಂಬೈನ ವೈದ್ಯರು 2021ರಲ್ಲಿ ವರದಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಅದೇ ರೀತಿ ಕಾಣುವ ಬೇರೆ ಬಳ್ಳಿ ಬಳಸಿರಬಹುದು ಅಂತು. ನಾನು ಕೇಳೋದಿಷ್ಟೇ: ಮನೆ ಬಾಗಿಲಿಗೆ ಬಂದ ಲೇಬಲ್ ಇಲ್ಲದ ಬಾಟಲಿಯಲ್ಲಿರೋದು ಯಾವ ಬಳ್ಳಿ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ? 2004ರಲ್ಲಿ ಅಮೆರಿಕದ ಬೋಸ್ಟನ್ ಸುತ್ತಮುತ್ತಲ ಅಂಗಡಿಗಳಿಂದ ಭಾರತ ಉಪಖಂಡದ 70 ಔಷಧಿಗಳನ್ನು ತಂದು ಪರೀಕ್ಷೆ ಮಾಡಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಲೋಹ ತೆಗೀತೀವಿ ಅಂತ ಹೇಳಿ ಲೋಹವನ್ನೇ ಕುಡಿಸಿದರೆ? ಇಲಿ ಬಂತು ಅಂತ ಮನೆಗೆ ಬೆಂಕಿ ಹಚ್ಚಿದ ಹಾಗೆ.

ದೊಡ್ಡವರ ವಿಷಯಕ್ಕೆ ಬರೋಣ. 2025ರ ಜುಲೈ ನೆನಪಿದೆಯಾ? ಹಾಸನ ಜಿಲ್ಲೆಯಿಂದ ಸಾಲು ಸಾಲು ಹೃದಯಾಘಾತದ ಸುದ್ದಿ. ಕೋವಿಡ್ ಲಸಿಕೆಗೆ ಆತುರದಲ್ಲಿ ಅನುಮತಿ ಕೊಟ್ಟಿದ್ದೂ ಕಾರಣ ಇರಬಹುದು ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರೇ ಅನುಮಾನ ವ್ಯಕ್ತಪಡಿಸಿದರು. ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲು ನಿಂತರು. ಆಮೇಲೆ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ರಾಜ್ಯದ ತಜ್ಞರ ಸಮಿತಿ ಏನು ಹೇಳಿತು? ಲಸಿಕೆಗೂ ಈ ಹೃದಯಾಘಾತಗಳಿಗೂ ನೇರ ನಂಟು ಕಾಣಲಿಲ್ಲ, ಕಾರಣ ಹುಡುಕಬೇಕಾದ್ದು ಬಿಪಿ, ಸಕ್ಕರೆ ಕಾಯಿಲೆ, ಬೊಜ್ಜು, ಸಿಗರೇಟ್ ಕಡೆ ಅಂತು. ದೇಶದ 47 ಆಸ್ಪತ್ರೆಗಳಲ್ಲಿ ಐಸಿಎಂಆರ್ ನಡೆಸಿದ ಅಧ್ಯಯನವೂ ಲಸಿಕೆಯಿಂದ ಯುವಕರ ಹಠಾತ್ ಸಾವಿನ ಅಪಾಯ ಹೆಚ್ಚಿಲ್ಲ ಅಂತಲೇ ಹೇಳಿತ್ತು.

ಲಸಿಕೆಗೆ ಅಡ್ಡಪರಿಣಾಮವೇ ಇಲ್ವಾ? ಇದೆ. ಹಾಗೆ ಹೇಳದಿದ್ದರೆ ನಾನು ಸುಳ್ಳುಗಾರ. ಕೋವಿಶೀಲ್ಡ್ ಸೂತ್ರದ ಲಸಿಕೆಯಿಂದ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವ ತೊಂದರೆ ಆಗಬಹುದು ಅಂತ ಆಸ್ಟ್ರಾಜೆನೆಕಾ ಕಂಪನಿ ಬ್ರಿಟನ್ನಿನ ಕೋರ್ಟಿನಲ್ಲಿ ಒಪ್ಪಿಕೊಂಡದ್ದು 2024ರಲ್ಲಿ ದೊಡ್ಡ ಸುದ್ದಿಯಾಯ್ತು. ವಿಜ್ಞಾನಿಗಳು ಅದನ್ನು 2021ರಲ್ಲೇ ಗುರುತಿಸಿದ್ದರು. ಆ ತೊಂದರೆ ಬರೋದು ಚುಚ್ಚಿಸಿಕೊಂಡ ಕೆಲವೇ ವಾರಗಳಲ್ಲಿ. ವರ್ಷಗಳ ನಂತರ ಕಷಾಯ ಕುಡಿದು ತೊಳೆಯುವಂಥದ್ದು ಒಳಗೆ ಏನೂ ಉಳಿದಿರಲ್ಲ.

ಇಲ್ಲಿರೋ ನಿಜವಾದ ಅಪಾಯ ಏನು ಹೇಳ್ತೀನಿ. ರಾಜಾಜಿನಗರದಲ್ಲಿ 45ರ ಒಬ್ಬ ಮನುಷ್ಯನಿಗೆ ಎದೆ ಹಿಡಿದ ಹಾಗಾಗುತ್ತೆ ಅಂದ್ಕೊಳ್ಳಿ. ಇದು ಲಸಿಕೆಯ ವಿಷ ಅಂತ ಅವನ ತಲೆಯಲ್ಲಿ ಕೂತಿದ್ದರೆ ಅವನು ಇಸಿಜಿ ಮಾಡಿಸಲ್ಲ, ಕಷಾಯ ಕುಡಿದು ಮಲಗ್ತಾನೆ. ಹೃದಯಾಘಾತದಲ್ಲಿ ಮೊದಲ ಒಂದು ಗಂಟೆಯೇ ಬಂಗಾರ. ಡಿಟಾಕ್ಸ್ ಆ ಗಂಟೆಯನ್ನು ನುಂಗಿಹಾಕುತ್ತೆ.

ನಮ್ಮ ತಪ್ಪೂ ಇದೆ, ಒಪ್ಪಿಕೊಳ್ಳಬೇಕು. 2021ರ ಏಪ್ರಿಲ್‌ನಲ್ಲಿ ಮೂಗಿಗೆ ನಿಂಬೆರಸ ಬಿಟ್ಟುಕೊಂಡರೆ ಆಕ್ಸಿಜನ್ ಏರುತ್ತೆ ಅನ್ನೋ ಮಾತು ಕ್ಯಾಮೆರಾ ಮುಂದೆಯೇ ಬಂತು, ರಾಜ್ಯವೆಲ್ಲ ಹರಡಿತು. ಹಾಗೆ ಮಾಡಿದ ರಾಯಚೂರು ಜಿಲ್ಲೆಯ ಒಬ್ಬ ಶಿಕ್ಷಕರು ತೀರಿಕೊಂಡರು ಅಂತ ಕೆಲವೇ ದಿನಗಳಲ್ಲಿ ವರದಿಯಾಯ್ತು. ಬೆಳಗಿನ ಹೊತ್ತು ದುಡ್ಡು ಕೊಟ್ಟು ಸ್ಲಾಟ್ ಹಿಡಿದು ಸರ್ವರೋಗಕ್ಕೂ ಮದ್ದು ಮಾರೋರಿಗೆ ಟಿವಿಗಳೇ ಜಾಗ ಕೊಡ್ತಾವೆ. ರಾತ್ರಿ ಈ ಕುರ್ಚಿಯಲ್ಲಿ ಕೂತು ಜನಕ್ಕೆ ಬುದ್ಧಿ ಹೇಳೋದು ಸುಲಭ, ಬೆಳಗಿನ ಜಾಹೀರಾತು ಬೇಡ ಅನ್ನೋದು ಕಷ್ಟ. ಆ ಕಷ್ಟದ ಕೆಲಸ ನಮ್ಮಿಂದಲೇ ಶುರುವಾಗಬೇಕು.

ಕಾನೂನು ಇಲ್ವಾ? 1954ರಿಂದಲೂ ಇದೆ. ಪವಾಡ ಚಿಕಿತ್ಸೆಯ ಜಾಹೀರಾತು ತಡೆಯೋ ಕಾಯ್ದೆ. ಲಸಿಕೆಯನ್ನೂ ಆಧುನಿಕ ವೈದ್ಯವನ್ನೂ ಹೀಗಳೆಯುವ ಪ್ರಚಾರದ ವಿರುದ್ಧ ಭಾರತೀಯ ವೈದ್ಯಕೀಯ ಸಂಘ 2022ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯ್ತು. 2024ರಲ್ಲಿ ಪತಂಜಲಿ ಕಂಪನಿ ಪತ್ರಿಕೆಗಳಲ್ಲಿ ಕ್ಷಮೆ ಕೇಳಬೇಕಾಯ್ತು. ಆದರೆ ಅಪಾರ್ಟ್‌ಮೆಂಟ್ ಗ್ರೂಪಿಗೆ ಬರೋ ಮೆಸೇಜ್ ಹಿಂದೆ ಯಾವ ಕೋರ್ಟು ಓಡಾಡುತ್ತೆ? ಅಲ್ಲಿ ನೀವೇ ಜಡ್ಜ್.

ಅದಕ್ಕೆ ಮೂರು ಪ್ರಶ್ನೆ ಇಟ್ಕೊಳ್ಳಿ. ಯಾವ ವಿಷ ತೆಗೀತೀರಿ, ಅದರ ಹೆಸರೇನು? ನನ್ನ ಮಗುವಿನ ದೇಹದಲ್ಲಿ ಅದು ಎಷ್ಟಿದೆ, ಯಾವ ಪರೀಕ್ಷೆಯಲ್ಲಿ ಗೊತ್ತಾಯ್ತು? ನಿಮ್ಮ ಪ್ಯಾಕೆಟ್‌ನಲ್ಲಿ ಏನೇನಿದೆ, ಎಷ್ಟೆಷ್ಟಿದೆ? ಮೂರಕ್ಕೂ ಉತ್ತರ ಸಿಗದಿದ್ದರೆ ಪ್ಯಾಕೆಟ್ ಮುಟ್ಟಬೇಡಿ. ಡಾಕ್ಟರಿಗೆ ಹೇಳಬೇಡಿ ಅಂದವರನ್ನಂತೂ ಬಾಗಿಲಿಂದಲೇ ಕಳಿಸಿ.

ಲಸಿಕೆ ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಜ್ವರ ಬಂದರೆ ಮಗುವಿನ ತೂಕಕ್ಕೆ ತಕ್ಕಷ್ಟು ಪ್ಯಾರಾಸಿಟಮಾಲ್, ಎಷ್ಟು ಅಂತ ಸಿಸ್ಟರ್ ಅಥವಾ ಡಾಕ್ಟರನ್ನು ಕೇಳಿ. ಊತಕ್ಕೆ ತಣ್ಣೀರ ಬಟ್ಟೆ. ಉಸಿರಾಟಕ್ಕೆ ಕಷ್ಟ, ಮುಖ ಊದುವುದು, ಫಿಟ್ಸ್, ಮೂರು ಗಂಟೆ ಬಿಡದ ಅಳು, ಮಗು ಮಂಕಾಗುವುದು, ಇವು ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ, 108ಕ್ಕೆ ಫೋನ್ ಮಾಡಿ. ಅನುಮಾನ ಇದ್ದರೆ 104 ಇದೆ, ಆಶಾ ಕಾರ್ಯಕರ್ತೆ ಇದ್ದಾರೆ, ಹತ್ತಿರದಲ್ಲೇ ನಮ್ಮ ಕ್ಲಿನಿಕ್ ಇದೆ. ಲಸಿಕೆಯಿಂದಲೇ ತೊಂದರೆ ಆಯ್ತು ಅನ್ನಿಸಿದರೆ ಮುಚ್ಚಿಡಬೇಡಿ, ಅಲ್ಲೇ ದೂರು ಬರೆಸಿ. ವಿಚಾರಣೆ ಮಾಡೋ ವ್ಯವಸ್ಥೆ ಇದೆ. ಅದು ನಿಮ್ಮ ಹಕ್ಕು.

ಆ ತಾಯಿಗೆ ನಾನು ಹೇಳಿದ್ದು ಇಷ್ಟೇ: "ಅಮ್ಮ, ನೀವು ತಪ್ಪು ಮಾಡಿಲ್ಲ. ಲಸಿಕೆ ಹಾಕಿಸಿದಿರಿ, ಅದು ಸರಿ. ಪ್ಯಾಕೆಟ್ ಬಿಚ್ಚೋ ಮೊದಲು ಕೇಳಿದಿರಲ್ಲ, ಅದು ಇನ್ನೂ ಸರಿ. ಈಗ ನಿಮ್ಮ ಡಾಕ್ಟರಿಗೊಂದು ಫೋನ್ ಮಾಡಿ." ಮೂರನೇ ದಿನ ಅವರಿಂದ ಒಂದು ಸಣ್ಣ ವಿಡಿಯೋ ಬಂತು. ಮಗು ಕಾಂಪೌಂಡ್‌ನಲ್ಲಿ ಬೆಕ್ಕಿನ ಹಿಂದೆ ಓಡ್ತಾ ಇದೆ. ಜೊತೆಗೆ ಒಂದು ಸಾಲು: "ಪಕ್ಕದ ಮನೆ ಆಂಟಿಗೂ ಹೇಳಿದೆ ಸಾರ್. ಅವರು ಮೊಮ್ಮಗನಿಗೆ ಅಂತ ತರಿಸಿಟ್ಟಿದ್ದರಂತೆ, ಚೆಲ್ಲಿಬಿಟ್ಟರು."

ನಿಮ್ಮ ಗ್ರೂಪಿಗೂ ಇಂಥ ಮೆಸೇಜ್ ಬಂದರೆ ಫಾರ್ವರ್ಡ್ ಮಾಡಬೇಡಿ. ಕಳಿಸಿದವರನ್ನು ಬೈಯಲೂ ಬೇಡಿ, ಅವರೂ ಹೆದರಿದವರೇ. ಆ ಮೂರು ಪ್ರಶ್ನೆ ಕೇಳಿ, ಸಾಕು.